ಡೇರಿಗೆ ತಾರೀಕು ಇದೆ, ಪಕ್ಷಕ್ಕೆ ಇಲ್ಲ

2024ರ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂದಿತ್ತು, ಶನಿವಾರ. ಇಂಗ್ಲೆಂಡಿನ ರೆಡಿಂಗ್‌ನಿಂದ ರಜೆ ಹಾಕಿಕೊಂಡು ತಿಪಟೂರು ಹತ್ತಿರದ ನಮ್ಮೂರಿಗೆ ಬಂದಿದ್ದೆ. ಬೆಳಿಗ್ಗೆಯೇ ಚಿಕ್ಕಮ್ಮ ಹೊಸ್ತಿಲ ಎರಡೂ ಕಡೆ ಸಗಣಿ ಉಂಡೆ ಇಟ್ಟು, ಅದಕ್ಕೆ ಚೆಂಡು ಹೂವು, ಹುಚ್ಚೆಳ್ಳು ಹೂವು ಸಿಕ್ಕಿಸಿದ್ದರು. ಸಂಜೆ ಜಗಲಿ ಮೇಲೆ ಕೂತು ಕಜ್ಜಾಯ ತಿನ್ನುತ್ತಾ ಫೋನ್ ನೋಡುತ್ತಿದ್ದೆ. ಲಂಡನ್ನಿನಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರ ಆಯ್ಕೆಯ ಎಣಿಕೆ ಮುಗಿದಿತ್ತು. ಕೆಮಿ ಬೇಡ್‌ನಾಕ್‌ಗೆ 53,806 ವೋಟು. ರಾಬರ್ಟ್ ಜೆನ್ರಿಕ್‌ಗೆ 41,388.

"ಅದೇನೋ ಅಷ್ಟೊಂದು ನೋಡ್ತಾ ಇದ್ದೀಯ?" ಅಂದರು ಚಿಕ್ಕಪ್ಪ.

"ಅಲ್ಲಿ ಸೋತ ಪಕ್ಷಕ್ಕೆ ಹೊಸ ಲೀಡರ್ ಬಂದ್ರು ಚಿಕ್ಕಪ್ಪ. ಬೇಡ್‌ನಾಕ್ ಅಂತ."

"ಹೆಸರಲ್ಲೇ ಬೇಡ ಅಂತ ಇದೆ, ಆದ್ರೂ ಆರಿಸಿದ್ರಾ? ಸೋತಿದ್ದು ಯಾವಾಗ?"

"ಜುಲೈನಲ್ಲಿ."

"ನಾಲ್ಕು ತಿಂಗಳು! ನಮ್ಮೋರ ಹಾಗೇ ಬಿಡು."

ಇಂಗ್ಲೆಂಡಿನವರು ಎಲ್ಲ ಚಕಚಕ ಮಾಡುತ್ತಾರೆ ಅಂತ ನಾನು ಊರಿಗೆ ಬಂದಾಗಲೆಲ್ಲ ಹೇಳಿದ್ದೇನೆ. ಆದರೆ ಲೆಕ್ಕ ಹಾಕಿದರೆ ಚಿಕ್ಕಪ್ಪ ಹೇಳಿದ್ದು ಸರಿ. ನಮ್ಮಲ್ಲಿ 2023ರ ಮೇ 13ಕ್ಕೆ ವಿಧಾನಸಭೆಯ ಫಲಿತಾಂಶ ಬಂತು. ಬಿಜೆಪಿ 66ಕ್ಕೆ ಇಳಿಯಿತು. ಬಿ.ವೈ. ವಿಜಯೇಂದ್ರ ರಾಜ್ಯಾಧ್ಯಕ್ಷರಾಗಿದ್ದು ನವೆಂಬರ್ 10ಕ್ಕೆ. ಆರ್. ಅಶೋಕ ವಿರೋಧ ಪಕ್ಷದ ನಾಯಕರಾಗಿದ್ದು ನವೆಂಬರ್ 17ಕ್ಕೆ. ಇಲ್ಲಿ ಆರು ತಿಂಗಳು, ಅಲ್ಲಿ ನಾಲ್ಕು. ಅಂಥ ದೊಡ್ಡ ವ್ಯತ್ಯಾಸವೇನಲ್ಲ.

ವ್ಯತ್ಯಾಸ ಇರುವುದು ಆ ತಿಂಗಳುಗಳಲ್ಲಿ ಏನಾಯಿತು ಅನ್ನುವುದರಲ್ಲಿ. ಅಲ್ಲಿ 2024ರ ಜುಲೈ 4ಕ್ಕೆ ಮತದಾನ. ಕನ್ಸರ್ವೇಟಿವ್‌ಗೆ ಸಿಕ್ಕಿದ್ದು 121 ಸೀಟು. ಮರುದಿನ ಬೆಳಿಗ್ಗೆ ರಿಷಿ ಸುನಕ್ ಮನೆ ಮುಂದೆ ನಿಂತು, ಪಕ್ಷದ ನಾಯಕತ್ವ ಬಿಡುತ್ತೇನೆ, ಆದರೆ ಇವತ್ತೇ ಅಲ್ಲ, ಮುಂದಿನವರನ್ನು ಆರಿಸುವ ವ್ಯವಸ್ಥೆ ಆದಮೇಲೆ ಅಂದರು. ಅಲ್ಲಿಯವರೆಗೆ ಅವರೇ ವಿರೋಧ ಪಕ್ಷದ ನಾಯಕರು. ಸಂಸತ್ತು ನಡೆಯುವಾಗ ಬುಧವಾರ ಬುಧವಾರ ಎದ್ದು ನಿಂತು, ತಮ್ಮನ್ನು ಸೋಲಿಸಿದ ಪ್ರಧಾನಿಗೇ ಪ್ರಶ್ನೆ ಹಾಕಿದರು. ಮುಜುಗರದ ಕೆಲಸ. ಆದರೂ ಕುರ್ಚಿ ಖಾಲಿ ಇರಲಿಲ್ಲ.

ನಮ್ಮಲ್ಲಿ 2023ರ ಜುಲೈನಲ್ಲಿ ಬಜೆಟ್ ಅಧಿವೇಶನವೇ ವಿರೋಧ ಪಕ್ಷದ ನಾಯಕರಿಲ್ಲದೆ ನಡೆದುಹೋಯಿತು. ಮುಖ್ಯಮಂತ್ರಿ ಬಜೆಟ್ ಓದಿದರು, ಎದುರಿಗೆ ಉತ್ತರ ಕೊಡಬೇಕಾದ ಕುರ್ಚಿ ಯಾರದ್ದೂ ಅಲ್ಲ. ಆ ಸಲ ತುಮಕೂರು ಜಿಲ್ಲೆಯ 11 ಸ್ಥಾನಗಳಲ್ಲಿ ಬಿಜೆಪಿಗೆ ಸಿಕ್ಕಿದ್ದು ಎರಡು. ತಿಪಟೂರಿನಲ್ಲಿ ಬಿ.ಸಿ. ನಾಗೇಶ್, ಪಕ್ಕದ ಚಿಕ್ಕನಾಯಕನಹಳ್ಳಿಯಲ್ಲಿ ಜೆ.ಸಿ. ಮಾಧುಸ್ವಾಮಿ, ಇಬ್ಬರು ಮಂತ್ರಿಗಳೂ ಸೋತಿದ್ದರು. ಆ ಪಕ್ಷಕ್ಕೆ ದುಡಿದ ನಮ್ಮೂರಿನ ಹುಡುಗರು ಆರು ತಿಂಗಳು ಯಾರ ಮುಖ ನೋಡಬೇಕಿತ್ತು? "ಡೆಲ್ಲಿಯಿಂದ ಬರುತ್ತೆ" ಅನ್ನುತ್ತಿದ್ದರು. ಏನು ಬರುತ್ತೆ, ಯಾವತ್ತು ಬರುತ್ತೆ ಅಂತ ಕೇಳಿದರೆ ನಗುತ್ತಿದ್ದರು.

ರೆಡಿಂಗ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ವಯಸ್ಸಾದ ಬಿಳಿಯ ಯಜಮಾನರಿದ್ದಾರೆ. ಎಷ್ಟೋ ವರ್ಷದಿಂದ ಕನ್ಸರ್ವೇಟಿವ್ ಸದಸ್ಯರು, ಪ್ರತಿ ವರ್ಷ ಚಂದಾ ಕಟ್ಟುತ್ತಾರೆ. ನಾನು ಊರಿಗೆ ಹೊರಡುವ ಮುಂಚೆ, ಅಕ್ಟೋಬರ್‌ನಲ್ಲಿ, ಗಿಡಕ್ಕೆ ನೀರು ಹಾಕಲು ನಮ್ಮ ಮನೆ ಕೀಲಿ ಕೊಡೋಣ ಅಂತ ಅವರಲ್ಲಿಗೆ ಹೋಗಿದ್ದೆ. ಅಡುಗೆಮನೆ ಮೇಜಿನ ಮೇಲೆ ಒಂದು ಲಕೋಟೆ ಬಿಚ್ಚಿ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಟೀ ಆರಿಹೋಗಿತ್ತು. ಲಕೋಟೆಯಲ್ಲಿ ಮತಪತ್ರ, ಎರಡೇ ಹೆಸರು. ಪೋಸ್ಟ್‌ನಲ್ಲೂ ಹಾಕಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ತಿಂಗಳ ಕೊನೆಯ ದಿನ ಗಡುವು. "ಇವರಿಬ್ಬರೂ ನನಗೆ ಬೇಕಾಗಿರಲಿಲ್ಲ, ನನ್ನವನು ಹೋದ ವಾರವೇ ಬಿದ್ದ" ಅಂದರು. ಮುಖ ನಮ್ಮೂರಿನಲ್ಲಿ ಪಂಚಾಯಿತಿ ಚುನಾವಣೆ ಸೋತವರ ಮುಖದ ಹಾಗೇ ಇತ್ತು.

ಅವರವನು ಬಿದ್ದ ಕತೆಯನ್ನು ಜಗಲಿ ಮೇಲೆ ಹೇಳಿದೆ. ಅಷ್ಟರಲ್ಲಿ ಅಲ್ಲಿ ಇನ್ನೂ ಮೂರ್ನಾಲ್ಕು ಜನ ಸೇರಿದ್ದರು. ಸೆಪ್ಟೆಂಬರ್‌ನಲ್ಲಿ ಆರು ಜನ ಸ್ಪರ್ಧಿಗಳು. ಎಂಪಿಗಳು ಸುತ್ತು ಸುತ್ತಾಗಿ ವೋಟು ಹಾಕುತ್ತಾರೆ, ಪ್ರತಿ ಸುತ್ತಿನಲ್ಲೂ ಕೊನೆಯವರು ಹೊರಗೆ. ಕೊನೆಗೆ ಉಳಿದ ಇಬ್ಬರ ಹೆಸರು ಸದಸ್ಯರ ಮುಂದೆ ಹೋಗುತ್ತದೆ. ಅಕ್ಟೋಬರ್ 8ರ ಸುತ್ತಿನಲ್ಲಿ ಜೇಮ್ಸ್ ಕ್ಲೆವರ್ಲಿ 39 ವೋಟಿನೊಂದಿಗೆ ಎಲ್ಲರಿಗಿಂತ ಮುಂದೆ. ಜೆನ್ರಿಕ್ 31, ಬೇಡ್‌ನಾಕ್ 30. ಒಂದೇ ರಾತ್ರಿ ಕಳೆಯಿತು. ಮರುದಿನ ಬೇಡ್‌ನಾಕ್ 42, ಜೆನ್ರಿಕ್ 41, ಕ್ಲೆವರ್ಲಿ 37. ಮೊದಲನೆಯವನು ಮನೆಗೆ.

"ಹೆಂಗಪ್ಪಾ? ಜಾಸ್ತಿ ಆಗ್ಬೇಕಾಗಿದ್ದು ಕಮ್ಮಿ ಆಯ್ತಲ್ಲ?"

ಕ್ಲೆವರ್ಲಿ ಹೇಗೂ ಗೆದ್ದಾಯಿತು, ಎದುರಿಗೆ ಸುಲಭದ ಆಳು ಉಳಿಯಲಿ ಅಂತ ಕೆಲವರು ವೋಟನ್ನು ಆ ಕಡೆ ಈ ಕಡೆ ದಾಟಿಸಿ ಎಡವಟ್ಟು ಮಾಡಿಕೊಂಡರು ಅಂತ ಅಲ್ಲಿನ ಪತ್ರಿಕೆಗಳೆಲ್ಲ ಬರೆದವು ಅಂದೆ. ಜಗಲಿ ತುಂಬ ನಗು. ಅಲ್ಲಿಯವರೆಗೆ ಇಂಗ್ಲೆಂಡ್ ಅಂದರೆ ಅವರಿಗೆ ದೂರದ ದೇಶ. ಈಗ ಪಕ್ಕದ ಊರಾಯಿತು. "ಇದು ನಮ್ಮ ಡೇರಿ ಎಲೆಕ್ಷನ್ ಕಣೋ!" ಅಂದರು ಚಿಕ್ಕಪ್ಪ.

ನಾನು ಹಿಡಿದುಕೊಂಡಿದ್ದು ಅದೇ ಮಾತನ್ನು. ನಮ್ಮೂರ ಹಾಲು ಉತ್ಪಾದಕರ ಸಹಕಾರ ಸಂಘದ ಚುನಾವಣೆಯನ್ನು ನೋಡಿದವರಿಗೆ ಗೊತ್ತು. ತಾರೀಕು ನೋಟಿಸ್ ಬೋರ್ಡಿಗೆ ಅಂಟಿಸುತ್ತಾರೆ. ಮತದಾರರ ಪಟ್ಟಿ ಬರುತ್ತದೆ. ಸುಮ್ನೆ ಷೇರು ಇದ್ದರೆ ಸಾಲದು, ವರ್ಷದಲ್ಲಿ ಇಷ್ಟು ದಿನ ಹಾಲು ಹಾಕಿದವರಿಗೆ ಮಾತ್ರ ವೋಟು. ಕನ್ಸರ್ವೇಟಿವ್ ಪಕ್ಷದಲ್ಲೂ ಕನಿಷ್ಠ 90 ದಿನ ಸದಸ್ಯನಾಗಿರಬೇಕು, ನಮ್ಮ ಡೇರಿ ಅದಕ್ಕಿಂತ ಬಿಗಿ. ನಾಮಪತ್ರ, ವಾಪಸ್ ಪಡೆಯುವ ದಿನ, ಚಿಹ್ನೆ, ರಿಟರ್ನಿಂಗ್ ಅಧಿಕಾರಿ, ಸಂಜೆಗೆ ಎಣಿಕೆ. ಗೆದ್ದ ನಿರ್ದೇಶಕರು ಸೇರಿ ಅಧ್ಯಕ್ಷರನ್ನು ಆರಿಸುತ್ತಾರೆ. ಮಧ್ಯೆ ಒಂದು ವಾರ ಆ ನಿರ್ದೇಶಕರು ಊರಲ್ಲಿ ಸಿಗುವುದಿಲ್ಲ, ಧರ್ಮಸ್ಥಳಕ್ಕೋ ಗೋವಾಕ್ಕೋ ಪ್ರವಾಸ ಹೋಗಿರುತ್ತಾರೆ. ಅದೂ ಎಲ್ಲರಿಗೂ ಗೊತ್ತು. ಇಷ್ಟೆಲ್ಲ ಕಿತಾಪತಿಯ ನಡುವೆಯೂ ಕೊನೆಗೆ ಒಂದು ಲೆಕ್ಕ ಹೊರಗೆ ಬರುತ್ತದೆ.

ಚಿಕ್ಕಪ್ಪ ಒಂದು ಸಲ ಅಧ್ಯಕ್ಷರಾಗಿದ್ದರು. ಮುಂದಿನ ಸಲ 13 ಜನ ನಿರ್ದೇಶಕರಲ್ಲಿ 7-6ರಲ್ಲಿ ಸೋತರು. ಯಾರು ಕೈಕೊಟ್ಟರು ಅಂತ ಅವರಿಗೆ ಇವತ್ತಿಗೂ ಗೊತ್ತು, ಆ ಮನುಷ್ಯ ಅವತ್ತು ಜಗಲಿ ಮೇಲೇ ಕೂತಿದ್ದ. ಸೋತ ಮರುದಿನ ಬೆಳಿಗ್ಗೆ ಚಿಕ್ಕಪ್ಪ ಕ್ಯಾನ್ ಹಿಡಿದು ಡೇರಿಗೆ ಹೋಗಿ ಎಲ್ಲರ ಹಿಂದೆ ಸಾಲಿನಲ್ಲಿ ನಿಂತು ಹಾಲು ಅಳೆಸಿದ್ದರು. ಮುಂದಿನ ಮೀಟಿಂಗ್‌ಗೆ ಹೋಗಿ, ಫ್ಯಾಟ್ ಮೆಷಿನ್ ತರಿಸಿದ್ದರಲ್ಲಿ ಲೆಕ್ಕ ಕೇಳಿದ್ದರು.

ಹಾಗಾಗಿ "ನಮ್ಮ ಜನಕ್ಕೆ ಪಕ್ಷದೊಳಗಿನ ಚುನಾವಣೆ ಹಿಡಿಸುವುದಿಲ್ಲ, ಅದು ಬಿಳಿಯರ ಪದ್ಧತಿ" ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. 300 ಮನೆಯ ಊರು ತನ್ನ ಡೇರಿಗೆ ಮಾಡುವುದನ್ನು, ಲಕ್ಷಾಂತರ ಸದಸ್ಯರಿದ್ದಾರೆ ಅಂತ ಹೇಳಿಕೊಳ್ಳುವ ಪಕ್ಷಗಳು ಮಾಡುವುದಿಲ್ಲ. ಕಾಗದದಲ್ಲಿ ಎಲ್ಲ ಪಕ್ಷಕ್ಕೂ ಒಳಚುನಾವಣೆ ಇದೆ. ಜಗಲಿ ಮೇಲಿದ್ದ ಒಬ್ಬರನ್ನು, ನಿಮ್ಮ ಪಕ್ಷದ ತಾಲ್ಲೂಕು ಅಧ್ಯಕ್ಷರನ್ನು ಯಾರು ಆರಿಸಿದ್ದು ಅಂತ ಕೇಳಿದೆ. "ಆರಿಸೋದೇನು ಬಂತು. ಸರ್ಕಲ್‌ನಲ್ಲಿ ಫ್ಲೆಕ್ಸ್ ಬಿತ್ತು, ನೂತನವಾಗಿ ನೇಮಕಗೊಂಡ ಅಂತ. ಹಾರ ಹಾಕಿದ್ವಿ."

ಚಿಕ್ಕಪ್ಪನ ಎದುರುವಾದವನ್ನೂ ಹೇಳಬೇಕು, ಅದು ಹಗುರವಾದದ್ದಲ್ಲ. ಡೇರಿಯಲ್ಲಿ ಸೋತರೆ ಹೋಗುವುದು ಒಂದು ಕುರ್ಚಿ. ರಾಜ್ಯದ ಪಕ್ಷದಲ್ಲಿ ವೋಟು ಎಣಿಸಿ ತೋರಿಸಿದರೆ, ಅದು ಲಿಂಗಾಯತರು ಎಷ್ಟು, ಒಕ್ಕಲಿಗರು ಎಷ್ಟು, ಕುರುಬರು ಎಷ್ಟು, ದಲಿತರು ಎಷ್ಟು ಅನ್ನುವ ಎಣಿಕೆ ಆಗಿಬಿಡುತ್ತದೆ. ಆಮೇಲೆ ಜೊತೆಗೆ ಕೂರುವುದು ಕಷ್ಟ. ಅದಕ್ಕೇ ಒಬ್ಬರನ್ನು ಅಧ್ಯಕ್ಷ ಮಾಡಿ, ಇನ್ನೊಂದು ಕಡೆಯವರನ್ನು ಸದನದ ನಾಯಕ ಮಾಡಿ ತೂಗಿಸುತ್ತಾರೆ. "ಒಮ್ಮತ ಅಂದ್ರೆ ಸೋತೋನಿಗೂ ಮುಖ ಉಳಿಯುತ್ತೆ" ಅಂದರು.

ಮುಖ ಉಳಿಯುತ್ತದೆ, ನಿಜ. ಆದರೆ ಒಮ್ಮತ ಆದ ವಾರದಲ್ಲೇ ಅತೃಪ್ತರ ಸಭೆ ಅಂತ ಟೀವಿಯಲ್ಲಿ ಬರುತ್ತದಲ್ವಾ? ಎಣಿಸಿದರೆ ಪಕ್ಷ ಒಡೆಯುತ್ತದೆ ಅನ್ನುವುದಕ್ಕೆ ಎದುರು ಸಾಕ್ಷಿ ನಮ್ಮ ರಾಜ್ಯದವರೇ ಇದ್ದಾರೆ. 2019ರ ಸೋಲಿನ ನಂತರ ರಾಹುಲ್ ಗಾಂಧಿ ರಾಜೀನಾಮೆ ಕೊಟ್ಟರು. ಸೋನಿಯಾ ಗಾಂಧಿ ಹಂಗಾಮಿ ಅಂತ ಬಂದವರು ಮೂರು ವರ್ಷ ಉಳಿದರು. ಕೊನೆಗೂ 2022ರ ಅಕ್ಟೋಬರ್‌ನಲ್ಲಿ ಚುನಾವಣೆ ಆಯಿತು. ಮಲ್ಲಿಕಾರ್ಜುನ ಖರ್ಗೆಯವರಿಗೆ 7,897, ಶಶಿ ತರೂರ್‌ಗೆ 1,072. ಹೈಕಮಾಂಡ್ ಮನಸ್ಸು ಯಾರ ಕಡೆ ಇತ್ತು ಅನ್ನುವುದು ಎಲ್ಲರಿಗೂ ಗೊತ್ತಿತ್ತು, ಅದು ಬೇರೆ ಮಾತು. ಆದರೆ ಎಣಿಸಿದ್ದರಿಂದ ಏನೂ ಒಡೆಯಲಿಲ್ಲ. ಸೋತವರನ್ನು ಮರುವರ್ಷ ಕಾರ್ಯಕಾರಿ ಸಮಿತಿಗೆ ಸೇರಿಸಿಕೊಂಡರು.

ಖರ್ಗೆಯವರ ವಿಷಯದಲ್ಲಿ ಇನ್ನೊಂದಿದೆ, ಇಲ್ಲಿ ನಾನೇ ಸೋಲಬೇಕಾಯಿತು. ಅದೇ 2019ರಲ್ಲಿ ಕಲಬುರಗಿಯಲ್ಲಿ ಅವರೂ ಸೋತಿದ್ದರು. ಸೋತವರೇ ಮೂರು ವರ್ಷದ ಮೇಲೆ ರಾಷ್ಟ್ರೀಯ ಅಧ್ಯಕ್ಷರಾದರು. ತುಮಕೂರಿನಲ್ಲಿ ಇದೇನು ಹೊಸದಲ್ಲ. 2013ರಲ್ಲಿ ಕಾಂಗ್ರೆಸ್ ರಾಜ್ಯ ಗೆದ್ದಿತು, ಪಕ್ಷದ ರಾಜ್ಯಾಧ್ಯಕ್ಷರಾಗಿದ್ದ ಜಿ. ಪರಮೇಶ್ವರ ಕೊರಟಗೆರೆಯಲ್ಲಿ ಸೋತರು. ಐದು ವರ್ಷದ ಮೇಲೆ ಉಪಮುಖ್ಯಮಂತ್ರಿ. 2019ರಲ್ಲಿ ಎಚ್.ಡಿ. ದೇವೇಗೌಡರು ತುಮಕೂರು ಲೋಕಸಭೆಯಲ್ಲಿ 13,339 ವೋಟಿನಿಂದ ಸೋತರು. ಪಕ್ಷದ ಅಧ್ಯಕ್ಷತೆಗೆ ಅದರಿಂದ ಏನೂ ಆಗಲಿಲ್ಲ, ಮರುವರ್ಷ ರಾಜ್ಯಸಭೆಗೆ ಹೋದರು. ಅದೇ 2019ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಲಿಬರಲ್ ಡೆಮಾಕ್ರಟ್ ಪಕ್ಷದ ನಾಯಕಿ ಜೋ ಸ್ವಿನ್ಸನ್ ತಮ್ಮ ಕ್ಷೇತ್ರದಲ್ಲಿ 149 ವೋಟಿನಿಂದ ಸೋತರು. ನಾಯಕರಾಗಿರುವವರು ಎಂಪಿ ಆಗಿರಲೇಬೇಕು ಅನ್ನುವುದು ಆ ಪಕ್ಷದ ನಿಯಮ. 149 ವೋಟು, ನಾಯಕತ್ವ ಅಲ್ಲಿಗೇ ಮುಗಿಯಿತು.

2010ರಲ್ಲಿ ಲೇಬರ್ ಪಕ್ಷ ಸೋತಾಗ ನಾಯಕತ್ವಕ್ಕೆ ಐದು ಜನ ನಿಂತರು, ಕೊನೆಯ ಸುತ್ತಿನಲ್ಲಿ ಅಣ್ಣ ತಮ್ಮ ಇಬ್ಬರೇ ಎದುರುಬದುರಾದರು, ಡೇವಿಡ್ ಮಿಲಿಬ್ಯಾಂಡ್, ಎಡ್ ಮಿಲಿಬ್ಯಾಂಡ್. ಎಂಪಿಗಳೂ ಸದಸ್ಯರೂ ಅಣ್ಣನ ಕಡೆ ಜಾಸ್ತಿ ಇದ್ದರು. ಕಾರ್ಮಿಕ ಸಂಘಗಳ ವೋಟು ಸೇರಿ ತಮ್ಮ ಶೇ. 50.65ರಲ್ಲಿ ಗೆದ್ದ. ಅಣ್ಣ ಆಮೇಲೆ ರಾಜಕೀಯವನ್ನೇ ಬಿಟ್ಟು ನ್ಯೂಯಾರ್ಕಿಗೆ ಹೋದ. ಇದನ್ನು ಕೇಳಿ ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಮ್ಮ ಬಲೀಂದ್ರನಾದ್ರೂ ಸೋತು ಪಾತಾಳಕ್ಕೆ ಹೋದ್ರೂ ವರ್ಷಕ್ಕೊಂದು ಸಲ ಮೇಲೆ ಬರ್ತಾನೆ. ನಿಮ್ಮೋರು ಅದಕ್ಕೂ ಬಿಡಲ್ಲ" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸದಸ್ಯರೇ ಆರಿಸಿದರೆ ಒಳ್ಳೆಯವರೇ ಬರುತ್ತಾರೆ ಅಂತಲೂ ನಾನು ಹೇಳುತ್ತಿಲ್ಲ. 2022ರಲ್ಲಿ ಎಂಪಿಗಳ ಕೊನೆಯ ಸುತ್ತಿನಲ್ಲಿ ಸುನಕ್‌ಗೆ 137, ಲಿಜ್ ಟ್ರಸ್‌ಗೆ 113. ಚಂದಾ ಕಟ್ಟಿದ ಸದಸ್ಯರು ಟ್ರಸ್ ಅವರನ್ನೇ ಬೇಕು ಅಂದರು. 50 ದಿನ ತುಂಬುವಷ್ಟರಲ್ಲಿ ಅವರು ಪ್ರಧಾನಿ ಕುರ್ಚಿ ಬಿಟ್ಟಾಗಿತ್ತು. 2024ರಲ್ಲಿ ವೋಟಿನ ಹಕ್ಕಿದ್ದ ಸದಸ್ಯರು ಒಂದು ಲಕ್ಷದ ಮೂವತ್ತು ಸಾವಿರದ ಆಸುಪಾಸು. ಅಷ್ಟು ಜನ ಇಡೀ ದೇಶವಲ್ಲ. ನಾನಂತೂ ಅದರಲ್ಲಿ ಇಲ್ಲ. ತಮಾಷೆ ಅಂದರೆ, ಕಾಮನ್‌ವೆಲ್ತ್ ದೇಶದವನು ಅಂತ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕುತ್ತೇನೆ. ತಿಪಟೂರಿನಲ್ಲಿ ವೋಟು ಹಾಕಬೇಕಾದರೆ ವಿಮಾನ ಹತ್ತಿ ಬರಬೇಕು.

ನನಗೆ ಬೇಕಾಗಿರುವುದು ಚಿಕ್ಕದು. ನಾಯಕ ಯಾರಾದರೂ ಆಗಲಿ, ಯಾವ ಜಾತಿಯವರಾದರೂ, ಯಾರ ಮಗನಾದರೂ ಆಗಲಿ. ಸೋತ ವಾರದಲ್ಲಿ ಒಂದು ತಾರೀಕು ಹೇಳಿ. ಆ ದಿನ ಯಾರು ವೋಟು ಹಾಕುತ್ತಾರೆ ಹೇಳಿ. ಬರೀ ಶಾಸಕರಾದರೂ ಸರಿ. ಅಲ್ಲಿಯವರೆಗೆ ಕುರ್ಚಿಯಲ್ಲಿ ಹಳಬರೇ ಕೂತಿರಲಿ. ಎಣಿಸಿದ್ದನ್ನು ಹೊರಗೆ ಹೇಳಿ. 2023ರ ಮೇನಲ್ಲಿ ಗೆದ್ದ ಕಾಂಗ್ರೆಸ್ ಕೂಡ ಮುಖ್ಯಮಂತ್ರಿ ಯಾರಾಗಬೇಕು ಅಂತ ಶಾಸಕರ ಹತ್ತಿರ ಗುಟ್ಟಾಗಿ ವೋಟು ಹಾಕಿಸಿತು. ಪೆಟ್ಟಿಗೆ ಡೆಲ್ಲಿಗೆ ಹೋಯಿತು, ಲೆಕ್ಕವನ್ನು ಪಕ್ಷ ಹೊರಗೆ ಹೇಳಲಿಲ್ಲ. ನಮ್ಮ ಡೇರಿ ಕಾರ್ಯದರ್ಶಿ ಹಾಗೆ ಮಾಡಿದ್ದರೆ ಜನ ಬಾಗಿಲಿಗೆ ಬೀಗ ಜಡಿಯುತ್ತಿದ್ದರು.

ಅಷ್ಟರಲ್ಲಿ ಹಾಲಿನ ಹೊತ್ತಾಯಿತು. ಹಬ್ಬಕ್ಕೆ ಹಸುವಿಗೆ ರಜೆ ಇಲ್ಲ. ಚಿಕ್ಕಪ್ಪ ಕ್ಯಾನ್ ಎತ್ತಿಕೊಂಡರು, ನಾನೂ ಜೊತೆಗೆ ಹೋದೆ. ದಾರಿಯಲ್ಲಿ ಒಂದೇ ಪ್ರಶ್ನೆ ಕೇಳಿದರು.

"ಆ 41 ಸಾವಿರ ಬಿದ್ದೋನು ಈಗ ಏನ್ ಮಾಡ್ತಾನೆ?"

"ಅಲ್ಲೇ ಇರ್ತಾನೆ ಚಿಕ್ಕಪ್ಪ, ಎಂಪಿ ಅಲ್ವಾ."

"ಪಕ್ಕದಲ್ಲೇ ಕೂರ್ತಾನಾ?"

"ಕೂರ್ತಾನೆ."

"ಹುಷಾರಾಗಿರಕ್ ಹೇಳು ಆಯಮ್ಮಂಗೆ" ಅಂದು, ಡೇರಿ ಮುಂದಿನ ಸಾಲಿನಲ್ಲಿ ಹೋಗಿ ನಿಂತರು. ಅವರ ಮುಂದೆ ನಿಂತಿದ್ದವನು, ಅವತ್ತು ಕೈಕೊಟ್ಟಿದ್ದನಲ್ಲ, ಅವನೇ.