ಬಾಯಿಯಿಲ್ಲದ ಮತಪೆಟ್ಟಿಗೆ

ಬಲಗೈ ತೋರುಬೆರಳಿಗೆ ಸಿಬಿರು ಹೊಕ್ಕು ಇವತ್ತಿಗೆ ನಾಲ್ಕು ದಿನ. ಸೂಜಿ, ಅರಿಶಿನ, ಪಕ್ಕದ ಮನೆ ಅಜ್ಜಿಯ ಬೆಲ್ಲ-ಸುಣ್ಣದ ಪಟ್ಟು, ಯಾವುದಕ್ಕೂ ಅದು ಜಗ್ಗಿಲ್ಲ. ಕೇಳಿದವರಿಗೆಲ್ಲ "ಚುನಾವಣೆಯಲ್ಲಿ ಗಾಯವಾಯಿತು" ಎನ್ನುತ್ತಿದ್ದೇನೆ. ಹಾಗೆಂದ ಕೂಡಲೇ ಅವರ ಮುಖದಲ್ಲಿ ಒಂದು ಬಗೆಯ ಗೌರವ ಮೂಡುತ್ತದೆ. ಲಾಠಿಯೇ, ಕಲ್ಲೇ, ಸೋಡಾ ಬಾಟಲಿಯೇ ಎಂದು ವಿಚಾರಿಸುತ್ತಾರೆ. ಪ್ಲೈವುಡ್ ಎಂದರೆ ಅಲ್ಲಿಗೆ ಮಾತು ಮುಗಿಯುತ್ತದೆ.

ನಮ್ಮೂರಿನ ವಾಸ್ತುಶಿಲ್ಪಿಗಳ ಸಂಘಕ್ಕೆ ಎರಡು ವರ್ಷಕ್ಕೊಮ್ಮೆ ಹೊಸ ಪದಾಧಿಕಾರಿಗಳು ಬರುತ್ತಾರೆ. ಚುನಾವಣೆ ಎಂಬುದು ಬೈಲಾದಲ್ಲಿರುವ ಮಾತು. ನಡೆದು ಬಂದ ಪದ್ಧತಿ ಬೇರೆ. ಮಹಾಸಭೆಗೆ ಯಾರು ಬಂದಿಲ್ಲವೋ ಅವರನ್ನು ಅವಿರೋಧವಾಗಿ ಆರಿಸಿ, ಚಪ್ಪಾಳೆ ತಟ್ಟಿ, ಊಟಕ್ಕೆ ಏಳುವುದು. ಕಳೆದ ಸಲದ ಖಜಾಂಚಿ ಮಾವನವರ ವೈಕುಂಠ ಸಮಾರಾಧನೆಗೆ ಹೋಗಿದ್ದರು. ತಿರುಗಿ ಬಂದು ನೋಡಿದರೆ ರಸೀದಿ ಪುಸ್ತಕ ಮನೆಯ ಜಗಲಿಯ ಮೇಲೆ ಕುಳಿತಿತ್ತು. ಈ ಸಲ ಮಾತ್ರ ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಾಮಪತ್ರ ಹಾಕಿಬಿಟ್ಟರು. ಇಬ್ಬರೂ ಹಿಂತೆಗೆದುಕೊಳ್ಳಲು ಒಪ್ಪಲಿಲ್ಲ. ಹೀಗಾಗಿ ಆ ಕಡೆಗೂ ಸೇರದ, ಈ ಕಡೆಗೂ ಸೇರದ ಒಬ್ಬ ಚುನಾವಣಾಧಿಕಾರಿ ಬೇಕಾದರು. ಫೋನ್ ಬಂದಾಗ ನಾನು ಸೈಟಿನಲ್ಲಿ, ತಿರುಗುತ್ತಿದ್ದ ಕಾಂಕ್ರೀಟ್ ಮಿಕ್ಸರ್ ಪಕ್ಕದಲ್ಲಿ ನಿಂತಿದ್ದೆ. ಒಂದಕ್ಷರವೂ ಕೇಳಿಸಲಿಲ್ಲ. ಬಾಕಿ ಚಂದಾ ಕೇಳುತ್ತಿದ್ದಾರೆಂದು ಭಾವಿಸಿ "ಆಗಲಿ, ಆಗಲಿ, ಈ ವಾರವೇ" ಎಂದೆ.

ನಮ್ಮ ಸಂಘದ ಬಗ್ಗೆ ಎರಡು ಮಾತು ಹೇಳಬೇಕು. ನಾವು ಯಾರು ಎಂಬುದು ಊರಿಗೆ ಇನ್ನೂ ಸರಿಯಾಗಿ ಗೊತ್ತಾಗಿಲ್ಲ. ಆರ್ಕಿಟೆಕ್ಟ್ ಎಂದರೆ "ಅಂದರೆ ಇಂಜಿನಿಯರ್ ತಾನೇ?" ಎನ್ನುತ್ತಾರೆ. ಕನ್ನಡದಲ್ಲಿ ಹೇಳೋಣ ಎಂದು ವಾಸ್ತುಶಿಲ್ಪಿ ಎಂದರೆ ಇನ್ನೂ ಕಷ್ಟ. ಆ ಪದದ ಮೊದಲರ್ಧ ಕೇಳಿಸಿದವರು ದೇವರಮನೆ ಈಶಾನ್ಯಕ್ಕೆ ಬರುತ್ತದೆಯೇ ಎಂದು ಕೇಳುತ್ತಾರೆ. ಕೊನೆಯರ್ಧ ಕೇಳಿಸಿದವರು ಗಣಪತಿ ವಿಗ್ರಹಕ್ಕೆ ಮುಂಗಡ ಎಷ್ಟು ಎನ್ನುತ್ತಾರೆ. 1972ರ ಕಾಯ್ದೆಯೊಂದು ನಮ್ಮನ್ನು ಕಾಪಾಡುತ್ತಿದೆ ಎಂದು ಬಹಳ ದಿನ ನಂಬಿದ್ದೆವು. ಐದು ವರ್ಷ ಓದಿ, ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು ಎನ್ನುತ್ತದೆ ಅದು. 2020ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ಬಿಡಿಸಿ ಹೇಳಿತು. ಅದು ಕಾಯುವುದು ಹೆಸರನ್ನು ಮಾತ್ರ, ಕೆಲಸವನ್ನಲ್ಲ. ಅಂದರೆ ಮನೆಯ ನಕ್ಷೆಯನ್ನು ಬೇರೆಯವರೂ ಬರೆಯಬಹುದು, ಹೆಸರು ಮಾತ್ರ ನಮ್ಮದು. ಕೈಯಲ್ಲಿ ಉಳಿದಿರುವುದು ಹೆಸರೊಂದೇ ಆದಮೇಲೆ ಮನುಷ್ಯ ಅದಕ್ಕಾಗಿ ಚುನಾವಣೆಗೂ ನಿಲ್ಲುತ್ತಾನೆ.

ಮತಪತ್ರದ ಕಥೆಯನ್ನು ಬೇಗ ಮುಗಿಸುತ್ತೇನೆ. ಇಬ್ಬರ ಹೆಸರು, ಎದುರಿಗೆ ಎರಡು ಚೌಕ, ಇಷ್ಟೇ. ನಾನು ಟೈಪು ಮಾಡಿ ಸಂಘದ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದೆ. ಮಧ್ಯರಾತ್ರಿಯೊಳಗೆ ಹನ್ನೊಂದು ತಿದ್ದುಪಡಿ ಬಂದವು. ಎಡಗಡೆಯ ಅಂಚು ಉಸಿರುಗಟ್ಟಿಸುತ್ತದೆ ಎಂದರು ಒಬ್ಬರು. ಚೌಕಕ್ಕೂ ಹೆಸರಿಗೂ ಸಂವಾದವೇ ಇಲ್ಲ ಎಂದರು ಇನ್ನೊಬ್ಬರು. ಅಭ್ಯರ್ಥಿಗಳು ಏನು ಮಾಡುತ್ತೇವೆಂದು ಹೇಳಿದ್ದಾರೆ ಎಂಬ ಬಗ್ಗೆ ಮಾತ್ರ ಯಾರೂ ಸೊಲ್ಲೆತ್ತಲಿಲ್ಲ.

ಭಾನುವಾರ ಹತ್ತೂವರೆಗೆ ಸಭೆ. ಹನ್ನೊಂದಕ್ಕೆ ಒಂಬತ್ತು ಜನರಿದ್ದರು. ಕೋರಂ ಇಲ್ಲವೆಂದು ಸಭೆಯನ್ನು ಅರ್ಧ ಗಂಟೆ ಮುಂದೂಡಿ, ಅದೇ ಜಾಗದಲ್ಲಿ ಅದೇ ಒಂಬತ್ತು ಜನ ಕುಳಿತೆವು. ಅಡುಗೆಮನೆಯಿಂದ ಹೋಳಿಗೆಯ ವಾಸನೆ ಹೊರಟಿತು ನೋಡಿ, ಹನ್ನೆರಡಕ್ಕೆ ಹಾಲ್ ತುಂಬಿತು. ಆ ಹಾಲನ್ನು ವಿನ್ಯಾಸ ಮಾಡಿದವರು ನಮ್ಮ ಮಾಜಿ ಅಧ್ಯಕ್ಷರೊಬ್ಬರೇ. ವೇದಿಕೆಗೂ ಸಭಿಕರಿಗೂ ನಡುವೆ ಒಂದು ದಪ್ಪ ಕಂಬವಿದೆ. ಅದರ ಹಿಂದಿನ ಕುರ್ಚಿಗಳಿಗೆ ನಮ್ಮಲ್ಲಿ ಬಹಳ ಬೇಡಿಕೆ, ನಿದ್ದೆಗೆ ಅನುಕೂಲ.

ಇನ್ನು ಮತಪೆಟ್ಟಿಗೆ.

ಬಿಸ್ಕತ್ತಿನ ಡಬ್ಬಿಯ ಮುಚ್ಚಳಕ್ಕೆ ಸೀಳು ಕೊರೆದು ತರುತ್ತೇನೆ ಎಂದು ನಾನು ಮೊದಲೇ ಹೇಳಿದ್ದೆ. ಅದನ್ನು ಕೇಳಿ ನಮ್ಮ ಕಿರಿಯ ಸದಸ್ಯನೊಬ್ಬ ನೊಂದುಕೊಂಡ. "ಸರ್, ನಾವು ಡಿಸೈನ್ ಮಾಡುವವರು. ಬಿಸ್ಕತ್ತಿನ ಡಬ್ಬಿಯೇ?" ಎಂದು, ಮೂರು ರಾತ್ರಿ ಕುಳಿತು ಅವನೇ ಒಂದು ಪೆಟ್ಟಿಗೆ ಮಾಡಿ ತಂದ. ಮೇಜಿನ ಮೇಲಿಟ್ಟಾಗ ಎಲ್ಲರೂ ಎದ್ದು ನಿಂತರು. ಸುಳ್ಳೇಕೆ ಹೇಳಲಿ, ಚೆನ್ನಾಗಿತ್ತು. ಮೊಳೆಯಿಲ್ಲ, ಸ್ಕ್ರೂ ಇಲ್ಲ, ಕೀಲಿಲ್ಲ. ಹಲಗೆಯೊಳಗೆ ಹಲಗೆ ಕಚ್ಚಿ ನಿಂತ, ನುಣ್ಣಗೆ ಉಜ್ಜಿದ ಪ್ಲೈವುಡ್ಡಿನ ಒಂದು ಪುಟ್ಟ ಕಟ್ಟಡ. ಎಲ್ಲರೂ ಅದರ ಫೋಟೋ ತೆಗೆದುಕೊಂಡರು. ಮೊದಲ ಮತದಾರರು ಚೀಟಿ ಮಡಚಿಕೊಂಡು ಬಂದು ಪೆಟ್ಟಿಗೆಯ ಮುಂದೆ ನಿಂತರು. ಎಡಕ್ಕೆ ನೋಡಿದರು. ಬಲಕ್ಕೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಇದರ ಬಾಯಿ ಎಲ್ಲಿದೆಯಪ್ಪಾ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಸೇರಿ ಅದಕ್ಕೊಂದು ಪ್ರದಕ್ಷಿಣೆ ಬಂದೆವು. ಹಿಂದೆ ಸಾಲಿನಲ್ಲಿದ್ದ ಮೂವರು ನಮ್ಮ ಹಿಂದೆಯೇ ಹೊರಟರು. ದೂರದಿಂದ ನೋಡಿದವರಿಗೆ ನವಗ್ರಹ ಸುತ್ತುತ್ತಿದ್ದೇವೆ ಎನ್ನಿಸಿರಬೇಕು. ಹಿರಿಯರೊಬ್ಬರು ಪೆಟ್ಟಿಗೆಯ ಬುಡದಲ್ಲಿ ಒಂದು ಸಣ್ಣ ಸಂದಿಯನ್ನು ಕಂಡುಹಿಡಿದು, ಜಯಘೋಷ ಮಾಡಿ, ಚೀಟಿ ತುರುಕಿಯೇಬಿಟ್ಟರು. ಹುಡುಗ ಓಡಿ ಬಂದ. "ಸರ್, ಅದು ಬಾಯಿಯಲ್ಲ, ಷ್ಯಾಡೋ ಗ್ಯಾಪ್! ಪೆಟ್ಟಿಗೆ ತೇಲುತ್ತಿರುವ ಹಾಗೆ ಕಾಣಲಿ ಎಂದು ಬಿಟ್ಟಿದ್ದು."

ಹಾಗಾದರೆ ಬಾಯಿ? ಮೇಲಿನ ಹಲಗೆ ಒಂದು ಬದಿಗೆ ನಾಲ್ಕು ಬೆರಳಿನಷ್ಟು ಮುಂದೆ ಚಾಚಿಕೊಂಡಿತ್ತು. ಅದರ ಅಡಿಗೆ ಬಗ್ಗಿ ನೋಡಿದರೆ, ನೆರಳಿನಲ್ಲಿ, ಕೂದಲೆಳೆಯಂಥ ಒಂದು ಸೀಳು.

"ಮೇಲ್ಗಡೆ ಏಕೆ ಇಡಲಿಲ್ಲ?"

"ಸರ್, ಮೇಲಿದ್ದರೆ ನೇರ ಬಿಸಿಲು, ಮಳೆ ನೀರು. ಅದಕ್ಕೇ ಚಜ್ಜಾ ಕೊಟ್ಟೆ."

ಹಾಲಿನೊಳಗೆ ಯಾವ ಮಳೆ ಎಂದು ಕೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಪಕ್ಕದಲ್ಲಿದ್ದವರು "ನಮ್ಮ ಹವಾಮಾನಕ್ಕೆ ಸ್ಪಂದಿಸಿದ್ದಾನೆ" ಎಂದು ಬೆನ್ನು ತಟ್ಟಿದರು. ಇನ್ನೊಬ್ಬರು "ಮತದಾರ ಪ್ರಜಾಪ್ರಭುತ್ವದ ಮುಂದೆ ತಲೆಬಾಗಬೇಕು, ಎಂಥ ಕಲ್ಪನೆ!" ಎಂದರು. ತಲೆ ಬಾಗಿದರೆ ಸಾಲದು ಸ್ವಾಮಿ, ಮಂಡಿಯನ್ನೂ ಊರಬೇಕು. ಚೀಟಿಯನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ, ಒಳಗಿನ ಒಂದು ತಿರುವು ದಾಟಿಸಬೇಕು. ಅರ್ಧಕ್ಕೆ ಕೈಬಿಟ್ಟರೆ ಅದು ತಿರುಗಿ ನಮ್ಮ ತೋಳಿನೊಳಗೇ ಜಾರುತ್ತದೆ. ಸೊಂಟನೋವಿನ ಒಬ್ಬರಿಗೆ ಇಬ್ಬರು ಆಸರೆ ಕೊಟ್ಟು ಬಗ್ಗಿಸಿದೆವು. ಇನ್ನೊಬ್ಬರ ಕನ್ನಡಕ ಷ್ಯಾಡೋ ಗ್ಯಾಪಿನ ಮುಂದೆ ಬಿತ್ತು. 41 ಜನ ಮತ ಹಾಕಲು ಎರಡು ಗಂಟೆ ಹಿಡಿಯಿತು. ಒಬ್ಬ ವಾಸ್ತುಶಿಲ್ಪಿಯೂ ಪೆಟ್ಟಿಗೆ ಸರಿಯಿಲ್ಲ ಎನ್ನಲಿಲ್ಲ. ನಾವು ಕಟ್ಟಿಕೊಟ್ಟ ಮನೆಗಳಲ್ಲಿ ಜನ ಹೇಗೆ ಬದುಕುತ್ತಿದ್ದಾರೆ ಎಂಬ ಯೋಚನೆ ಮಾತ್ರ ನನ್ನನ್ನು ಅವತ್ತಿಡೀ ಕಾಡಿತು. ನಾನೇ ಮಾಡಿದ ಒಂದು ಮನೆಯಲ್ಲಿ ಕಿಟಕಿಯ ಅಂದ ಕೆಡಬಾರದೆಂದು ಫ್ಯಾನಿನ ಸ್ವಿಚ್ಚನ್ನು ಬೀರುವಿನ ಹಿಂದಕ್ಕೆ ಸರಿಸಿದ್ದೆ. ಆ ಮನೆಯಾಕೆ ಇವತ್ತಿಗೂ ಮದುವೆ ಮನೆಗಳಲ್ಲಿ ನನ್ನನ್ನು ಕಂಡರೆ ಕಂಬದ ಮರೆಗೆ ಹೋಗುತ್ತಾರೆ.

ಎಣಿಕೆಗೆ ಕುಳಿತಾಗ ಇನ್ನೊಂದು ಸತ್ಯ ಹೊರಬಿತ್ತು. ಪೆಟ್ಟಿಗೆ ತೆರೆಯುವುದಿಲ್ಲ. ತೆರೆಯುತ್ತದಂತೆ, ಆದರೆ ನಾಲ್ಕು ಹಲಗೆಗಳನ್ನು ಒಂದು ಗೊತ್ತಾದ ಕ್ರಮದಲ್ಲಿ ಸರಿಸಬೇಕು. ಆ ಕ್ರಮ ಗೊತ್ತಿದ್ದ ಹುಡುಗ, ಅವತ್ತು ಅವನ ಸೈಟಿನಲ್ಲಿ ಆರ್‌ಸಿಸಿ ಹಾಕುವ ದಿನವೆಂದು ಊಟವನ್ನೂ ಮಾಡದೆ ಹೋಗಿದ್ದ. ಫೋನ್ ಮಾಡಿದೆವು. ಎತ್ತಿದ. ಹಿಂದಿನಿಂದ ಮಿಕ್ಸರಿನ ಆರ್ಭಟ. "ಪೆಟ್ಟಿಗೆ ಹೇಗೆ ತೆರೆಯಬೇಕು?" ಎಂದು ಕಿರುಚಿದೆ. "ಆಗಲಿ ಸರ್, ಆಗಲಿ" ಎಂದು ಫೋನಿಟ್ಟ. ಅವನನ್ನು ಬೈಯುವ ಹಕ್ಕು ನನಗಿರಲಿಲ್ಲ.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಊರಿನ ಅರ್ಧದಷ್ಟು ದೊಡ್ಡ ಕಟ್ಟಡಗಳ ನಕ್ಷೆ ಬರೆದ ತಲೆಗಳು ಒಂದು ಪೆಟ್ಟಿಗೆಯನ್ನು ಸುತ್ತುವರಿದು ಚರ್ಚೆಗಿಳಿದವು. ಒಬ್ಬರು ಊಟದ ಎಲೆಯ ಕೆಳಗಿನ ಕಾಗದದ ಮೇಲೆ ಅದರ ಅಡ್ಡ ಸೀಳುನೋಟ ಬರೆದರು. ಇನ್ನೊಬ್ಬರು ಅದನ್ನು ತಿದ್ದಿದರು. ಮೂರನೆಯವರು ಇಂಥ ಜೋಡಣೆ ಜಪಾನಿನ ದೇಗುಲಗಳಲ್ಲಿದೆ ಎಂದು ಆರಂಭಿಸಿ, ತಮ್ಮ ಜಪಾನ್ ಪ್ರವಾಸದ ಮೂರನೇ ದಿನಕ್ಕೆ ಬಂದಿದ್ದರು. ಗಲಾಟೆ ಕೇಳಿ ಅಡುಗೆ ಭಟ್ಟರು ಹೆಗಲ ಮೇಲಿನ ಟವೆಲ್ಲಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಬಂದರು. ಒಂದು ನಿಮಿಷ ನೋಡಿದರು. ಒಳಗೆ ಹೋಗಿ ತೆಂಗಿನಕಾಯಿ ಒಡೆಯುವ ಮಚ್ಚು ತಂದರು. ಒಂದೇ ಏಟು.

"ಇಷ್ಟೇನಾ? ಚೀಟಿಗಳಾ?" ಎಂದು ಒಳಗೆ ಇಣುಕಿ ನಿರಾಶರಾಗಿ, ಪಲ್ಯ ಸೀಯುತ್ತದೆಂದು ಹೊರಟುಹೋದರು. ಆ ಒಡಕಿನೊಳಗೆ ಕೈಹಾಕಿ ಚೀಟಿ ಬಾಚುವಾಗ ಹೊಕ್ಕಿದ್ದೇ ಈ ಸಿಬಿರು.

ಸಿಕ್ಕಿದ್ದು 40 ಚೀಟಿ. 41ನೆಯದು ಷ್ಯಾಡೋ ಗ್ಯಾಪಿನಲ್ಲಿ ಇದೆ ಎಂದು ನೆನಪಾಗಿ ಹೋಳಿಗೆಯ ಚಮಚದಿಂದ ಕೆದಕಿ ತೆಗೆದೆವು. ಆರು ಮತ ತಿರಸ್ಕೃತ. ಗುಣಾಕಾರ ಚಿಹ್ನೆ ಹಾಕಿರೆಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಒಬ್ಬರು ಚೌಕದ ತುಂಬ ನಲವತ್ತೈದು ಡಿಗ್ರಿಯ ಗೆರೆ ಎಳೆದಿದ್ದರು. ಒಬ್ಬರು ಉತ್ತರ ದಿಕ್ಕಿನ ಬಾಣ ಬರೆದಿದ್ದರು. ಒಬ್ಬರು ಎರಡೂ ಚೌಕಗಳನ್ನು ಬಿಟ್ಟು, ಅವುಗಳ ನಡುವೆ ಇರಬೇಕಾದ ಅಂತರವನ್ನು ಮಿಲಿಮೀಟರಿನಲ್ಲಿ ನಮೂದಿಸಿದ್ದರು. 19ಕ್ಕೆ 16. ಹೊಸ ಅಧ್ಯಕ್ಷರು ಬಂದರು. ಅವರು ಭಾಷಣ ಮಾಡಿದರು. ಕಂಬದ ಹಿಂದಿನವರು ಎದ್ದರು.

ಎಲ್ಲರೂ ಹೋದ ಮೇಲೆ ಚೂರುಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಪೆಟ್ಟಿಗೆಯ ಒಳತಳದ ಹಲಗೆ ಮಾತ್ರ ಒಡೆಯದೆ ಉಳಿದಿತ್ತು. ತಿರುಗಿಸಿದೆ. ಮೂಲೆಯಲ್ಲಿ, ಒಂದು ಜೋಳದ ಕಾಳಿನಷ್ಟು ಎತ್ತರದ ಅಕ್ಷರಗಳಲ್ಲಿ, ಆ ಹುಡುಗ ತನ್ನ ಹೆಸರು ಕೆತ್ತಿದ್ದ. ಮಚ್ಚಿನ ಏಟು ಬೀಳದಿದ್ದರೆ ಯಾರ ಕಣ್ಣಿಗೂ ಬೀಳದ ಜಾಗ.

ಯಾಕೋ ಅವನ ಮೇಲಿದ್ದ ಸಿಟ್ಟು ಇಳಿಯಿತು. ಸೋಮನಾಥಪುರದ ವಿಗ್ರಹಗಳ ಕೆಳಗೆ ಹೊಯ್ಸಳರ ಕಾಲದ ಶಿಲ್ಪಿ ಮಲ್ಲಿತಮ್ಮ ತನ್ನ ಹೆಸರು ಕೆತ್ತಿಟ್ಟಿದ್ದಾನೆ. 1117ರ ಬೇಲೂರಿಗೆ ಬಳ್ಳಿಗಾವೆಯಿಂದ ಬಂದ ದಾಸೋಜ, ಅವನ ಮಗ ಚಾವಣ, ಇವರೂ ಬಿಟ್ಟಿಲ್ಲ. ಅಲ್ಲಿನ ರೂವಾರಿಗಳು ಬರೀ ಹೆಸರಿಗೆ ತೃಪ್ತರಾಗದೆ ಎದುರಾಳಿಗಳನ್ನು ಕೆಣಕುವ ಬಿರುದುಗಳನ್ನೂ ಸೇರಿಸಿದ್ದಾರೆ. ಅವರದ್ದೂ ಒಂದು ಸಂಘವಿದ್ದಿದ್ದರೆ ಅಧ್ಯಕ್ಷ ಸ್ಥಾನಕ್ಕೆ ಮರುಎಣಿಕೆ ಖಂಡಿತ ನಡೆಯುತ್ತಿತ್ತು. ಆಮೇಲೆ ಎಲ್ಲೋ ಈ ಅಭ್ಯಾಸ ತಪ್ಪಿಹೋಯಿತು. ವಿಧಾನಸೌಧ ಎಂದರೆ ಕೆಂಗಲ್ ಹನುಮಂತಯ್ಯನವರ ಹೆಸರು ಶಾಲೆಯ ಮಕ್ಕಳ ಬಾಯಲ್ಲೂ ಬರುತ್ತದೆ. ಅದನ್ನು ರೂಪಿಸಿದ ಬಿ. ಆರ್. ಮಾಣಿಕ್ಕಂ ಯಾರೆಂದು ನಮ್ಮ ಸಂಘದಲ್ಲೇ ಕೇಳಿ ನೋಡಬೇಕು. ಗೃಹಪ್ರವೇಶದಲ್ಲಿ ಮೇಸ್ತ್ರಿಗೆ ಪಂಚೆ-ಶಲ್ಯ, ಬಡಗಿಗೆ ಪಂಚೆ-ಶಲ್ಯ, ಬೋರ್‌ವೆಲ್ ಪಾಯಿಂಟು ತೋರಿಸಿದವರಿಗೆ ಫಲತಾಂಬೂಲ. ನಮಗೆ ಎರಡನೇ ಪಂಕ್ತಿಯಲ್ಲಿ ಒಂದು ಎಲೆ, ಜೊತೆಗೆ "ಬಾತ್‌ರೂಮ್ ಸ್ವಲ್ಪ ಚಿಕ್ಕದಾಯಿತು" ಎಂಬ ಮಾತು.

ಹೊರಗೆ ಬಂದರೆ ಸೋತ ಅಭ್ಯರ್ಥಿ ಸ್ಕೂಟರಿನ ಪಕ್ಕ ನನಗಾಗಿ ಕಾಯುತ್ತಿದ್ದರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡಿದವರು, ಬಟರ್ ಪೇಪರಿನ ಮೇಲೆ ರೋಟ್ರಿಂಗ್ ಪೆನ್ನು ಹಿಡಿದು ಗೆರೆ ಎಳೆದ ಕಾಲದವರು. ತಕರಾರು ಎತ್ತಲು ಬಂದಿದ್ದಾರೆಂದು ಹೆದರಿದೆ.

"ಒಂದು ಖಾಲಿ ಮತಪತ್ರ ಉಳಿದಿದ್ದರೆ ಕೊಡುತ್ತೀರಾ?" ಎಂದರು. "ಮನೆಯಲ್ಲಿ ತೋರಿಸಬೇಕು. ಹೆಸರು ಚೆನ್ನಾಗಿ ಅಚ್ಚಾಗಿದೆ."

ಎರಡು ಕೊಟ್ಟೆ.

ಇವತ್ತು ಬೆಳಿಗ್ಗೆ ಹೊಸ ಕಾರ್ಯದರ್ಶಿ ಪದಗ್ರಹಣ ಸಮಾರಂಭದ ಆಹ್ವಾನ ಪತ್ರಿಕೆಯ ಕರಡು ಕಳಿಸಿದ್ದಾರೆ. ಒಂದೇ ಕೈಯಲ್ಲಿ ಮೊಬೈಲ್ ಹಿಡಿದು, ನೋಯುವ ಬೆರಳನ್ನು ಗಾಳಿಯಲ್ಲಿಟ್ಟುಕೊಂಡು ಓದಿದೆ. ಪದಾಧಿಕಾರಿಗಳೆಲ್ಲರ ಹೆಸರಿದೆ. ಮುಖ್ಯ ಅತಿಥಿಗಳದ್ದಿದೆ. ಟೈಲ್ಸ್ ಅಂಗಡಿಯ ಪ್ರಾಯೋಜಕರದ್ದಿದೆ. ಕೆಳಗೆ ಶಾಮಿಯಾನದವರ ಹೆಸರೂ ಫೋನ್ ನಂಬರ್ ಸಮೇತ ಇದೆ. ಎರಡು ಸಲ ಮೇಲಿನಿಂದ ಕೆಳಕ್ಕೆ ಹುಡುಕಿ ಫೋನ್ ಮಾಡಿದೆ.

"ಚುನಾವಣಾಧಿಕಾರಿ ಎಂದು ಒಂದು ಸಾಲು..."

"ಹಾಕಿದ್ದೆವು ಸರ್," ಎಂದರು ಕಾರ್ಯದರ್ಶಿ, ನಿಜಕ್ಕೂ ನೊಂದ ದನಿಯಲ್ಲಿ. "ಲೇಔಟ್ ತುಂಬಾ ಬಿಗಿಯಾಯಿತು. ಅಲ್ಲಿ ಸ್ವಲ್ಪ ಬಿಳಿ ಜಾಗ ಬೇಕೇಬೇಕಿತ್ತು."