ಬಾಯಿ ಮುಚ್ಚಿಕೊಂಡಿರುವ ಕೆಲಸ

ಮಂಗಳೂರು, ಉಡುಪಿ ಕಡೆಯ ಮನೆಗಳಲ್ಲಿ ಸ್ಪೀಕರಿಗೆ ಮೊದಲು ಸಿಗುವ ಜಾಗ ಶೋಕೇಸ್. ಮಗಳ ಭರತನಾಟ್ಯದ ಟ್ರೋಫಿ, ಗಲ್ಫಿನಿಂದ ಬಂದ ಗಾಜಿನ ಲೋಟಗಳ ಸೆಟ್ಟು, ಯಾರೋ ಮದುವೆಯಲ್ಲಿ ಕೊಟ್ಟ ಗಡಿಯಾರ, ಇವುಗಳನ್ನೆಲ್ಲ ಸ್ವಲ್ಪ ಸ್ವಲ್ಪ ಸರಿಸಿ ಎಡಗಡೆಯದನ್ನು ಮೇಲಿನ ಅಂತಸ್ತಿನಲ್ಲೂ ಬಲಗಡೆಯದನ್ನು ಟಿವಿಯ ಪಕ್ಕದಲ್ಲೂ ಕೂರಿಸುತ್ತಾರೆ. ತಾಳಮದ್ದಳೆ ಹಾಕಿದರೆ ಮದ್ದಳೆಗೆ ಪೆಟ್ಟು ಬಿದ್ದಾಗಲೆಲ್ಲ ಶೋಕೇಸಿನ ಗಾಜು ಝಿರ್ ಎನ್ನುತ್ತದೆ. ಸ್ಪೀಕರ್ ಹಾಳಾಯಿತೆಂದು ರಿಪೇರಿಗೆ ಹೊತ್ತುಕೊಂಡು ಹೋಗುವವರೂ ಉಂಟು. ಅಲ್ಲಿ ಬೆಂಚಿನ ಮೇಲಿಟ್ಟು ಹಾಡಿಸಿದರೆ ಏನೂ ತೊಂದರೆಯಿಲ್ಲ. ಮನೆಗೆ ತಂದು ಇಟ್ಟರೆ ಮತ್ತೆ ಝಿರ್.

ಆಗುವುದಿಷ್ಟು. ಸ್ಪೀಕರಿನ ಕೋನ್ ಗಾಳಿಯನ್ನು ಮುಂದಕ್ಕೆ ತಳ್ಳುವಾಗ ಪೆಟ್ಟಿಗೆ ಹಿಂದಕ್ಕೆ ನೂಕಿಸಿಕೊಳ್ಳುತ್ತದೆ. ಆ ನೂಕಾಟ ಅಡಿಯಲ್ಲಿರುವ ವಸ್ತುವಿಗೆ ದಾಟುತ್ತದೆ. ಅಡಿಯಲ್ಲಿರುವುದು ತೆಳ್ಳಗಿನ ಅಗಲ ಹಲಗೆಯಾದರೆ ಅದೂ ಗಾಳಿಯನ್ನು ತಳ್ಳತೊಡಗಿ, ಯಾರೂ ಕರೆಯದೆ ಮೂರನೆಯ ಸ್ಪೀಕರಾಗುತ್ತದೆ. ಪ್ಲಾಸ್ಟಿಕ್ ಸ್ಟೂಲ್ ಇದರಲ್ಲಿ ಎಲ್ಲರಿಗಿಂತ ಮುಂದು: ಒಳಗೆ ಪೊಳ್ಳು, ಮೇಲೆ ತೆಳು, ತೂಕವೇ ಇಲ್ಲ. ಸ್ಟ್ಯಾಂಡ್ ಎಂಬ ವಸ್ತುವಿಗೆ ಇರುವ ಕೆಲಸ ಸ್ಪೀಕರನ್ನು ಕಿವಿಯ ನೇರಕ್ಕೆ ಹಿಡಿದುಕೊಂಡು ತಾನು ಬಾಯಿ ಮುಚ್ಚಿಕೊಂಡಿರುವುದು. ಕೇಳುವುದಕ್ಕೆ ಸುಲಭ, ಆದರೆ ಮಾರುಕಟ್ಟೆಯಲ್ಲಿ ಸಿಗುವ ಎಷ್ಟೋ ಸ್ಟ್ಯಾಂಡುಗಳಿಗೆ ಅಷ್ಟೂ ಬರುವುದಿಲ್ಲ.

ಮೊದಲು ಎತ್ತರ. ಸಿದ್ಧವಾಗಿ ಸಿಗುವ ಸ್ಟ್ಯಾಂಡುಗಳಲ್ಲಿ ಹೆಚ್ಚಿನವು 24 ಇಂಚು, ಅಂದರೆ 61 ಸೆ.ಮೀ. ಅದು ಸೋಫಾದಲ್ಲಿ ಕುಳಿತವರ ಲೆಕ್ಕ. ಸೋಫಾದಲ್ಲಿ ಕೂತಾಗ ಕಿವಿ ನೆಲದಿಂದ 95ರಿಂದ 105 ಸೆ.ಮೀ. ಮೇಲಿರುತ್ತದೆ. ನಮ್ಮಲ್ಲಿ ಚಾವಡಿಯ ಆರಾಮ ಕುರ್ಚಿಯಲ್ಲಿ ಒರಗಿಕೊಂಡು ಕೇಳುವ ಅಜ್ಜನ ಕಿವಿ 85ರ ಹತ್ತಿರ, ಚಾಪೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ 70-75. ಹಾಗಾಗಿ ಟೇಪು ಹಿಡಿದು ಅಳೆಯಬೇಕಾದದ್ದು ಸ್ಪೀಕರಿನ ಜೊತೆಗೆ ಕೇಳುವವರನ್ನೂ, ಅದೂ ಅವರು ನಿಜವಾಗಿ ಕೂರುವ ಭಂಗಿಯಲ್ಲಿ. ಟೇಪು ಕಂಡ ಕೂಡಲೇ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ, ಆ ಅಳತೆ ಉಪಯೋಗಕ್ಕಿಲ್ಲ. ಕಿವಿಯ ಎತ್ತರದಿಂದ, ಸ್ಪೀಕರಿನ ಅಡಿಯಿಂದ ಟ್ವೀಟರಿನ (ಮೇಲಿನ ಸ್ವರ ನುಡಿಸುವ ಚಿಕ್ಕ ಉರುಟಿನ) ನಡುವಿನವರೆಗಿನ ಅಳತೆಯನ್ನು ಕಳೆದರೆ ಸ್ಟ್ಯಾಂಡಿನ ಎತ್ತರ. ಕಿವಿ 98, ಟ್ವೀಟರ್ 26 ಆದರೆ 72 ಸೆ.ಮೀ. ಚಾಪೆಯವರಿಗೆ ಅದೇ ಸ್ಪೀಕರಿಗೆ 46 ಸಾಕು.

ಟ್ವೀಟರಿಗೇ ಯಾಕೆ ಇಷ್ಟು ಮರ್ಯಾದೆ ಎಂದರೆ, ತಗ್ಗಿನ ಸ್ವರ ಎಲ್ಲ ಕಡೆಗೂ ಹರಡುತ್ತದೆ, ಮೇಲಿನದು ನೇರ ಹೋಗುತ್ತದೆ. ಅದಲ್ಲದೆ ಟ್ವೀಟರ್ ಮತ್ತು ತಗ್ಗಿನ ಸ್ವರದ ದೊಡ್ಡ ಉರುಟಾದ ವೂಫರ್ ಎರಡೂ ಒಟ್ಟಿಗೆ ನುಡಿಯುವ 2000-3000 ಹರ್ಟ್ಸಿನ ಆಸುಪಾಸಿನಲ್ಲಿ ಎರಡರ ಸದ್ದು ಸರಿಯಾಗಿ ಸೇರುವುದು ಮುಂದಿನ ಒಂದು ನೇರದಲ್ಲಿ ಮಾತ್ರ. ಅದಕ್ಕಿಂತ ತುಂಬಾ ಮೇಲೆ ಅಥವಾ ಕೆಳಗೆ ಕೂತರೆ ಎರಡೂ ಒಂದನ್ನೊಂದು ತಿಂದುಕೊಳ್ಳುತ್ತವೆ, ಚಕ್ರತಾಳದ ಹೊಳಪೂ ತಾಳಮದ್ದಳೆಯಲ್ಲಿ ಮಾತಾಡುವ ಅರ್ಥಧಾರಿಯ ವ್ಯಂಜನದ ಮೊನೆಯೂ ಮಂಕಾಗುತ್ತದೆ. ಸ್ಟ್ಯಾಂಡ್ ಈಗಾಗಲೇ ಗಿಡ್ಡ ಆಗಿದ್ದರೆ ಸ್ಪೀಕರಿನ ಮುಂಭಾಗವನ್ನು ಎತ್ತಿ. ಎರಡೂವರೆ ಮೀಟರ್ ದೂರದಲ್ಲಿ ಕೂರುವವರಿಗೆ 15 ಸೆ.ಮೀ. ಕೊರತೆಯಿದ್ದರೆ, 25 ಸೆ.ಮೀ. ಆಳದ ಪೆಟ್ಟಿಗೆಯ ಮುಂದಿನ ಅಂಚಿಗೆ ಒಂದೂವರೆ ಸೆ.ಮೀ. ಆಧಾರ ಕೊಟ್ಟರೆ ಸರಿಹೋಗುತ್ತದೆ. ಸ್ಟ್ಯಾಂಡ್ ಉದ್ದ ಆಗಿದ್ದರೆ ಸ್ಪೀಕರನ್ನು ತಲೆಕೆಳಗೆ ಮಾಡಿ. ನೋಡಲು ವಿಚಿತ್ರ, ಬಂದವರು ಕೇಳುತ್ತಾರೆ, ಆದರೆ ಟ್ವೀಟರ್ ಕಿವಿಯ ಮಟ್ಟಕ್ಕೆ ಇಳಿಯುತ್ತದೆ.

ಇನ್ನು ಮಾಡಿಸುವ ವಿಷಯ. ವೆಲ್ಡಿಂಗ್ ಬೇಡದ, ತುಕ್ಕಿನ ಹೆದರಿಕೆ ಕಡಿಮೆ ಇರುವ ಒಂದು ದಾರಿ ಮಳೆನೀರಿನ ಪಿವಿಸಿ ಪೈಪ್. ಮನೆ ಕಟ್ಟಿದವರ ಹಿತ್ತಿಲಲ್ಲಿ 110 ಮಿ.ಮೀ. ಪೈಪಿನ ತುಂಡು ಬಿದ್ದಿರದೆ ಇರುವುದಿಲ್ಲ. ಇದರ ಜೊತೆ ಬೇಕಾದದ್ದು 19 ಮಿ.ಮೀ. ಪ್ಲೈವುಡ್, 10 ಮಿ.ಮೀ. ದಪ್ಪದ ಥ್ರೆಡ್ ರಾಡ್, ನಟ್ಟು, ಅಗಲ ವಾಷರ್ ಮತ್ತು ಮರಳು. ಅಡಿಯ ಹಲಗೆ 30×35 ಸೆ.ಮೀ., ಮೇಲಿನದು ಸ್ಪೀಕರಿನ ತಳಕ್ಕಿಂತ ಸುತ್ತಲೂ ಅರ್ಧ ಸೆ.ಮೀ. ಚಿಕ್ಕದು. ಮೇಲಿನ ಹಲಗೆ ಹೊರಗೆ ಚಾಚಿದರೆ ಹೋಗುವ ಬರುವವರ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಎರಡು ಹಲಗೆಯಲ್ಲೂ ಪೈಪ್ ಕೂರಲು 5 ಮಿ.ಮೀ. ಆಳದ ಉರುಟು ಕಾಲುವೆಯನ್ನು ಆಚಾರಿಯ ರೂಟರಿನಲ್ಲಿ ತೆಗೆಸಬೇಕು. ಅದಿಲ್ಲದಿದ್ದರೆ ಪೈಪ್ ನಿಧಾನಕ್ಕೆ ಜಾರಿ ಸ್ಟ್ಯಾಂಡ್ ವಾಲುತ್ತದೆ.

ಒಟ್ಟು 60 ಸೆ.ಮೀ. ಬೇಕು ಎನ್ನಿ. ನೆಲಕ್ಕೆ ತಾಗುವ ಕೆಳಗಿನ ರಬ್ಬರ್ ಬುಷ್ 1, ಹಲಗೆಗಳೆರಡು ಸೇರಿ 3.8, ಕಾಲುವೆಗಳಲ್ಲಿ ಒಳಹೋಗುವುದು 1. ಪೈಪ್ 56.2 ಸೆ.ಮೀ.ಗೆ ಕತ್ತರಿಸಬೇಕು. ಕತ್ತರಿಸುವಾಗ ಹೆಚ್ಚಿನವರ ಗರಗಸ ಸೊಟ್ಟ ಹೋಗುತ್ತದೆ. ಒಂದು ನೇರ ಅಂಚಿನ ಕಾಗದವನ್ನು ಪೈಪಿಗೆ ಸುತ್ತಿ ಅಂಚಿಗೆ ಅಂಚು ಕೂಡಿಸಿ, ಅದರ ಗುಂಟ ಪೆನ್ಸಿಲ್ ಗೆರೆ ಎಳೆದುಕೊಂಡು, ಪೈಪನ್ನು ತಿರುಗಿಸುತ್ತಾ ಸುತ್ತಲೂ ಸ್ವಲ್ಪ ಸ್ವಲ್ಪವೇ ಕೊಯ್ದರೆ ತಪ್ಪುವುದಿಲ್ಲ. ರಾಡ್ ಪೈಪಿನ ನಡುವೆ ಹಾದು ಎರಡೂ ಹಲಗೆಗಳನ್ನು ಬಿಗಿಯುತ್ತದೆ. ನಟ್ಟು ವಾಷರುಗಳು ಹಲಗೆಯೊಳಗೆ ಹುದುಗುವಂತೆ 12 ಮಿ.ಮೀ. ತಗ್ಗು ತೆಗೆದು, ರಾಡನ್ನು 58.5ಕ್ಕೆ ಕತ್ತರಿಸಿ. ಮೀಟರ್ ಉದ್ದದ ಒಂದು ರಾಡಿನಲ್ಲಿ ಎರಡು ಸ್ಟ್ಯಾಂಡ್ ಆಗುವುದಿಲ್ಲ, ಎರಡು ರಾಡೇ ತರಬೇಕು. ನಟ್ಟನ್ನು ಸ್ಪಾನರಿಗೆ ಜೋತುಬಿದ್ದು ಬಿಗಿಯಬೇಡಿ. ಅತಿ ಬಿಗಿದರೆ ಮೇಲಿನ ಹಲಗೆ ನಡುವೆ ತಗ್ಗಾಗಿ ಸ್ಪೀಕರ್ ಅಂಚುಗಳ ಮೇಲೆ ಮಾತ್ರ ನಿಲ್ಲುತ್ತದೆ.

ಮರಳಿನ ಬಗ್ಗೆ ಒಂದು ಮಾತು ಹೆಚ್ಚೇ ಹೇಳಬೇಕು. ಪಣಂಬೂರಿಗೋ ಮಲ್ಪೆಗೋ ಹೋಗಿ ಚೀಲ ತುಂಬಿಕೊಂಡು ಬರುವ ಆಸೆ ಸಹಜ. ಕಡಲಿನ ಮರಳಿನಲ್ಲಿ ಉಪ್ಪುಂಟು, ಉಪ್ಪು ಗಾಳಿಯ ಪಸೆಯನ್ನು ಎಳೆದುಕೊಳ್ಳುತ್ತದೆ, ಒಳಗಿನ ರಾಡ್ ಹೊರಗೆ ಗೊತ್ತಾಗದ ಹಾಗೆ ತುಕ್ಕು ಹಿಡಿಯುತ್ತದೆ. ಕಟ್ಟಡದವರಲ್ಲಿ ಸಿಗುವ ಹೊಳೆಮರಳೋ ಎಂ-ಸ್ಯಾಂಡೋ ಆಗಬಹುದು. ಎಂ-ಸ್ಯಾಂಡಾದರೆ ಹುಡಿ ಹೋಗುವಷ್ಟು ತೊಳೆಯಬೇಕು. ಜರಡಿ ಹಿಡಿದು, ಅಂಗಳದಲ್ಲಿ ಟಾರ್ಪಾಲಿನ ಮೇಲೆ ಒಣಗಿಸಿ, ಕೊನೆಗೆ ಹಳೆಯ ಬಾಣಲೆಯಲ್ಲಿ ಹುರಿಯುವುದು ಒಳ್ಳೆಯದು. ಒಣಗಿದೆಯೋ ಇಲ್ಲವೋ ಎಂದು ಕೈಗೆ ಗೊತ್ತಾಗುವುದಿಲ್ಲ. ಒಂದು ಗಾಜಿನ ಭರಣಿಯಲ್ಲಿ ಹಿಡಿ ಮರಳು ಹಾಕಿ ಮುಚ್ಚಳ ಬಿಗಿದು ಬಿಸಿಲಿಗಿಡಿ. ಗಾಜಿನ ಒಳಮೈ ಮಂಜಾದರೆ ಇನ್ನೂ ಒದ್ದೆಯಿದೆ ಎಂದರ್ಥ. ಈ ಕೆಲಸ ಏಪ್ರಿಲಿನಲ್ಲಿ ಮುಗಿಸಬೇಕು. ಆಟಿ ತಿಂಗಳಲ್ಲಿ ಇಲ್ಲಿ ಚಡ್ಡಿಯೇ ಒಣಗುವುದಿಲ್ಲ, ಇನ್ನು ಮರಳು!

ಆ ಅಳತೆಯ ಒಂದು ಪೈಪಿಗೆ ಏಳು ಕಿಲೋಗಿಂತ ಸ್ವಲ್ಪ ಹೆಚ್ಚು ಮರಳು ಹಿಡಿಯುತ್ತದೆ. ಖಾಲಿ ಪೈಪಿಗೆ ಬೆರಳ ಗೆಣ್ಣಿನಿಂದ ಬಡಿದು ನೋಡಿ: ಟೊಂಯ್ ಎಂದು ಹಾಡುತ್ತದೆ. ಮರಳು ತುಂಬುತ್ತಾ ಹೋದಂತೆ ಆ ಸದ್ದು ಕೆಳಗಿನಿಂದ ಸಾಯುತ್ತಾ ಬರುತ್ತದೆ, ತುಂಬಿದಲ್ಲಿ ಬಡಿದರೆ ಠಪ್, ಅಷ್ಟೇ. ಕಣಗಳು ಒಂದಕ್ಕೊಂದು ಉಜ್ಜಿಕೊಂಡು ಕಂಪನವನ್ನು ಸಣ್ಣ ಬಿಸಿಯಾಗಿ ಕರಗಿಸಿಬಿಡುತ್ತವೆ. ನಡುನಡುವೆ ಪೈಪನ್ನು ಮರದ ಕೊಡತಿಯಿಂದ ತಟ್ಟಿ ಮರಳು ಇಳಿಸಿ, ಇಲ್ಲದಿದ್ದರೆ ತಿಂಗಳಾಗುವಾಗ ಮೇಲೆ ನಾಲ್ಕು ಬೆರಳು ಖಾಲಿಯಾಗಿರುತ್ತದೆ. ಅಡಿಯ ಕಾಲುವೆಗೆ ಸಿಲಿಕೋನ್ ಹಚ್ಚಿಯೇ ಪೈಪ್ ಕೂರಿಸಿ. ಹಚ್ಚದಿದ್ದರೆ ಸಾರಿಸಿದ ನೆಲದ ಮೇಲೆ ದಿನಾ ಒಂದು ಚಿಟಿಕೆ ಮರಳು, ಮನೆಯೊಡತಿಯಿಂದ ದಿನಾ ಒಂದು ಪ್ರಶ್ನೆ.

ಅಡಿಗೆ ತೂಕ ಕೊಡಲು ಗ್ರಾನೈಟಿನಂಥದ್ದಿಲ್ಲ. ಅಡುಗೆಮನೆಯ ಕಟ್ಟೆಯಲ್ಲಿ ಸಿಂಕ್ ಇಡಲು ಕೊರೆದು ತೆಗೆದ ತುಂಡುಗಳು ಗ್ರಾನೈಟ್ ಅಂಗಡಿಯ ಹಿಂದೆ ರಾಶಿ ಬಿದ್ದಿರುತ್ತವೆ. 30×35 ಸೆ.ಮೀ., 18 ಮಿ.ಮೀ. ದಪ್ಪದ ತುಂಡು ಐದು ಕಿಲೋ ತೂಗುತ್ತದೆ. ಅಡಿಯ ಹಲಗೆಯ ಕೆಳಗೆ ಅರಾಲ್ಡೈಟಿನಲ್ಲಿ ಅಂಟಿಸಿ, ಪೈಪಿನಲ್ಲೂ ರಾಡಿನಲ್ಲೂ 1.8 ಸೆ.ಮೀ. ಕಡಿಮೆ ಮಾಡಿಕೊಳ್ಳಿ. ಅಂಟಿಸಿದ ಮೇಲೆ ಕೆಳಗಿನ ನಟ್ಟು ಕೈಗೆ ಸಿಗುವುದಿಲ್ಲ, ಅದನ್ನು ಮೊದಲೇ ಅಂಟಿನಿಂದ ಭದ್ರ ಮಾಡಿ, ಮುಂದಿನ ಬಿಗಿತವೆಲ್ಲ ಮೇಲಿನ ನಟ್ಟಿನಿಂದಲೇ.

ಕಬ್ಬಿಣವೇ ಬೇಕೆನ್ನುವವರು ಬೈಕಂಪಾಡಿಯಲ್ಲೋ ಮಣಿಪಾಲದ ಇಂಡಸ್ಟ್ರಿಯಲ್ ಏರಿಯಾದಲ್ಲೋ ಊರಿನ ಗ್ರಿಲ್ ಅಂಗಡಿಯಲ್ಲೋ ಮಾಡಿಸಬಹುದು. 3 ಇಂಚಿನ, 2 ಮಿ.ಮೀ. ದಪ್ಪದ ಚೌಕ ಪೈಪ್, ಅಡಿಗೆ 6 ಮಿ.ಮೀ. ಪ್ಲೇಟು, ಮೇಲೆ 3 ಮಿ.ಮೀ. "ಇದೆಂತಕ್ಕೆ ಸಾರ್, ಹೂವಿನ ಚಟ್ಟಿ ಇಡ್ಲಿಕ್ಕಾ?" ಎಂದು ಕೇಳಿದರೆ ಹೌದು ಎನ್ನಿ. ಮ್ಯೂಸಿಕ್ ಸಿಸ್ಟಮ್ ಎಂದರೆ ರೇಟು ಏರುತ್ತದೆ. ಆದರೆ ಒಂದು ಕಡೆಯಿಂದ ಉದ್ದಕ್ಕೆ ವೆಲ್ಡ್ ಮಾಡಿಕೊಂಡು ಹೋಗಲು ಬಿಡಬೇಡಿ, ಪ್ಲೇಟು ಬಿಸಿಗೆ ಬಾಗುತ್ತದೆ. ಎದುರುಬದುರು ಮೂಲೆಗಳಲ್ಲಿ ಚುಕ್ಕಿ ಚುಕ್ಕಿ ಹಾಕಿ, ಆಮೇಲೆ ತುಂಬಿಸಬೇಕು. ಮರಳನ್ನು ಮೂರರಲ್ಲಿ ಎರಡು ಪಾಲು ತುಂಬಿದರೆ ಸಾಕು, 60 ಸೆ.ಮೀ.ನ ಒಂದು ಸ್ಟ್ಯಾಂಡ್ ಹನ್ನೊಂದು-ಹನ್ನೆರಡು ಕಿಲೋ ಬರುತ್ತದೆ. ಆರು ಕಿಲೋ ಸ್ಪೀಕರ್ ಹೊತ್ತ ಇಂಥ ಸ್ಟ್ಯಾಂಡ್ 30 ಸೆ.ಮೀ. ಅಗಲದ ಅಡಿಯ ಮೇಲೆ ಸುಮಾರು 22 ಡಿಗ್ರಿ ವಾಲುವವರೆಗೂ ಮಗುಚುವುದಿಲ್ಲ. ಅದೇ ಅಗಲದ ಮೂರು ಕಿಲೋದ ಹಗುರ ಸ್ಟ್ಯಾಂಡ್ 14 ಡಿಗ್ರಿಗೇ ನೆಲ ಕಾಣುತ್ತದೆ. ತೊಟ್ಟಿಲು ದಾಟಿ ನಡೆಯಲು ಕಲಿತ ಮಗು ಇರುವ ಮನೆಯಲ್ಲಿ ಈ ಎಂಟು ಡಿಗ್ರಿಯ ಬೆಲೆ ದೊಡ್ಡದು. ಬಣ್ಣದ ಕೆಳಗೆ ಎರಡು ಕೋಟು ಪ್ರೈಮರ್ ಇರಲಿ, ಪ್ಲೇಟಿನ ಅಡಿಮೈಗೂ. ಅಡಿಮೈ ಕಾಣುವುದಿಲ್ಲವೆಂದು ಬಿಟ್ಟರೆ ದಿನಾ ನೆಲ ಒರೆಸುವ ನೀರು ಅಲ್ಲಿಂದಲೇ ಶುರುಮಾಡುತ್ತದೆ, ಬಿಳಿ ಟೈಲ್ಸಿನ ಮೇಲೆ ಕೆಂಪು ಚೌಕ ಉಳಿಯುತ್ತದೆ.

ಮರದಲ್ಲಿ ಮಾಡುವುದಾದರೆ ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಬೇಡವೇ ಬೇಡ. ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ. ಮೀರಿ ಮಳೆ ಬೀಳುವ ಊರಿನಲ್ಲಿ ಅದು ನೀರಿಗೆ ಅದ್ದಿದ ರಸ್ಕಿನ ಹಾಗೆ ಉಬ್ಬುತ್ತದೆ, ಉಬ್ಬಿದ್ದು ಮತ್ತೆ ಇಳಿಯುವುದಿಲ್ಲ. ಕಮರ್ಷಿಯಲ್ ಎಂದು ಕೊಡುವ ಪ್ಲೈವುಡ್ಡೂ ಒರೆಸುವ ನೀರಿಗೆ ಪದರ ಬಿಡುತ್ತದೆ. ಕುದಿನೀರನ್ನು ತಡೆಯುವ ಬಿಡಬ್ಲ್ಯುಆರ್ ದರ್ಜೆಯದ್ದು ಅಥವಾ ಮೆರೈನ್ ಪ್ಲೈವುಡ್ಡಿನ ಐಎಸ್ 710 ಮುದ್ರೆ ಇರುವುದನ್ನು ಕೇಳಿ, ಕತ್ತರಿಸಿದ ಅಂಚುಗಳಿಗೆ ಮೂರು ಸಲ ಸೀಲರ್ ಕುಡಿಸಿ. ಹಲಸಿನ ಮರ ಚೆಂದ, ತೂಕವೂ ಉಂಟು. ಆದರೆ ಮಳೆಗಾಲದಲ್ಲಿ ಹಿಗ್ಗಿ ಮಾರ್ಚಿನಲ್ಲಿ ಕುಗ್ಗುತ್ತದೆ, ಬಾಗಿಲು ಸಿಕ್ಕಿಹಾಕಿಕೊಳ್ಳುವ ಕಾರಣವೇ ಇಲ್ಲಿಯದ್ದೂ. ಅಗಲ ಹಲಗೆಗೆ ಸ್ಕ್ರೂ ಹಾಕುವ ತೂತನ್ನು ಎಳೆಗೆ ಅಡ್ಡವಾಗಿ ಸ್ವಲ್ಪ ಉದ್ದ ಮಾಡಲು ಆಚಾರಿಗೆ ಹೇಳಬೇಕು. "ಲೂಸ್ ಆಗ್ತದೆ" ಎಂದು ಅವರು ಒಪ್ಪುವುದಿಲ್ಲ. ಒಪ್ಪಿಸಿ, ಇಲ್ಲದಿದ್ದರೆ ಹಲಗೆ ಸೀಳುತ್ತದೆ.

ಮುರಕಲ್ಲನ್ನೇ ನಿಲ್ಲಿಸಿದರೆ ಹೇಗೆ ಎಂಬ ಪ್ರಶ್ನೆ ಈ ಊರಿನಲ್ಲಿ ಬರದೆ ಇರುವುದಿಲ್ಲ. ಒಂದು ಕಲ್ಲು ಅಡ್ಡ ಮಲಗಿಸಿ ಇನ್ನೊಂದನ್ನು ಅದರ ಮೇಲೆ ನಿಲ್ಲಿಸಿದರೆ ಎತ್ತರ ಹೆಚ್ಚುಕಡಿಮೆ ಸರಿಯಾಗುತ್ತದೆ, ಸದ್ದೂ ಮಾಡುವುದಿಲ್ಲ. ಸಿಮೆಂಟಿನಲ್ಲಿ ಕೂಡಿಸದೆ ಸುಮ್ಮನೆ ಪೇರಿಸುವುದು ಅಪಾಯ, ಕೂಡಿಸಿದರೆ ಅರುವತ್ತು ಕಿಲೋ ಆಗಿ ಸರಿಸಲು ಇಬ್ಬರು ಬೇಕು. ಕೆಂಪು ಹುಡಿ ಉದುರುವುದು ಬೇರೆ.

ನೆಲಕ್ಕೆ ತಾಗುವ ಕಡೆ ಚೂಪು ಮೊಳೆಕಾಲು ಹಾಕಿಸುವ ಫ್ಯಾಷನ್ ಉಂಟು. ಅದು ಕಾರ್ಪೆಟ್ ದಾಟಿ ಗಟ್ಟಿ ನೆಲ ಹಿಡಿಯಲು ಮಾಡಿದ್ದು. ಕಾವಿ ನೆಲದ ಮೇಲೆ, ಟೈಲ್ಸಿನ ಮೇಲೆ ಅದು ಮಾಡುವುದು ಗುಳಿ ಮಾತ್ರ. ಒಂದು ಸೆ.ಮೀ. ಎತ್ತರದ ನೈಲಾನ್ ಅಥವಾ ರಬ್ಬರ್ ಬುಷ್ ಸಾಕು, ನೀರಿನಿಂದಲೂ ಕಾಯುತ್ತದೆ. ಮರದ ಉಪ್ಪರಿಗೆಯಾದರೆ ಮಾತ್ರ ಬೇರೆ ಲೆಕ್ಕ. ನೆಲದ ಹಲಗೆಯೇ ನಡುಗುವುದರಿಂದ ಕೆಳಗೆ ಮೆತ್ತನೆ ರಬ್ಬರ್ ಹಾಳೆ, ಅದರ ಮೇಲೆ ಗ್ರಾನೈಟ್, ಅದರ ಮೇಲೆ ಸ್ಟ್ಯಾಂಡ್. ರಸಮಟ್ಟ ಇಟ್ಟು ನೋಡಿ, ಅಲುಗಾಡುವ ಕಾಲಿಗೆ ತಗಡಿನ ಚೂರು ಕೊಡಿ. ಸ್ಪೀಕರ್ ಮತ್ತು ಮೇಲಿನ ಹಲಗೆಯ ನಡುವೆ ನಾಲ್ಕು ಮೂಲೆಯಲ್ಲಿ ಕಡಲೆಕಾಳಿನಷ್ಟು ಬ್ಲೂ ಟ್ಯಾಕ್ ಎಂಬ ಅಂಟು ಮೇಣ ಒತ್ತಿದರೆ ಜಾರುವುದಿಲ್ಲ. ತೆಗೆಯುವಾಗ ಎತ್ತಬೇಡಿ, ತಿರುಚಿ ಬಿಡಿಸಿ, ಎತ್ತಿದರೆ ವಿನೀರ್ ಕಿತ್ತು ಬರುತ್ತದೆ. ಅಗ್ಗದ ರಬ್ಬರನ್ನು ಅಲ್ಲಿ ಹಾಕಬೇಡಿ, ಸೆಕೆಗೆ ಅಂಟಾಗಿ ಕಪ್ಪು ಕಲೆ ಬಿಡುತ್ತದೆ.

ಗೋಡೆಗೆ ತಾಗಿಸಿ ಇಟ್ಟರೆ ತಗ್ಗಿನ ಸ್ವರ ಉಬ್ಬುತ್ತದೆ, ಮಳೆಗಾಲದಲ್ಲಿ ಪೆಟ್ಟಿಗೆಯ ಬೆನ್ನಿಗೆ ಬೂಸ್ಟು ಹಿಡಿಯುತ್ತದೆ. ಹಿಂದೆ ತೂತಿರುವ ಸ್ಪೀಕರಾದರೆ ಒಂದು ಗೇಣಾದರೂ ಬಿಡಿ, ಕುಂಬಾರ ಹುಳ ಆ ತೂತಿನಲ್ಲಿ ಮನೆ ಕಟ್ಟಿದರೂ ಕಣ್ಣಿಗೆ ಬೀಳಲಿ. ದೂರ ಹೆಚ್ಚಾದರೂ ಒಂದು ಕಿರಿಕಿರಿ ಉಂಟು: ಸ್ಪೀಕರಿನ ಮುಖ ಗೋಡೆಯಿಂದ 60 ಸೆ.ಮೀ. ಇದ್ದರೆ ಗೋಡೆಗೆ ಬಡಿದು ಬಂದ ಸದ್ದು 143 ಹರ್ಟ್ಸಿನ ಹತ್ತಿರ ನೇರ ಸದ್ದನ್ನು ಅಳಿಸುತ್ತದೆ. ಗಂಡಸಿನ ಮಾತಿನ ಬುಡ ಇರುವುದು ಅಲ್ಲೇ, ಅರ್ಥಧಾರಿಯ ಎದೆ ಬಡಕಲಾಗುತ್ತದೆ. ಒಂದು ಗೇಣು ಆಚೆ ಈಚೆ ಸರಿಸಿದರೆ ಆ ತಗ್ಗು ಬೇರೆಡೆ ಹೋಗುತ್ತದೆ, ಮಾತು ತುಂಬಿಕೊಂಡಲ್ಲಿ ನಿಲ್ಲಿಸಿ. ಹೆಂಚಿನ ಮನೆಯವರು ಜಾಗ ಗಟ್ಟಿ ಮಾಡುವ ಮೊದಲು ಮಾಡಿನ ಯಾವ ಹೆಂಚು ಸೋರುತ್ತದೆ ಎಂದು ಒಂದು ಮಳೆ ನೋಡಿಕೊಳ್ಳುವುದು ಒಳ್ಳೆಯದು.

ವಯರನ್ನು ಸ್ಟ್ಯಾಂಡಿನ ಬುಡದಲ್ಲಿ ಒಮ್ಮೆ ಕಟ್ಟಿ, ಅಲ್ಲಿಂದ ಸ್ಪೀಕರಿನವರೆಗೆ ಸ್ವಲ್ಪ ಸಡಿಲ ಬಿಡಿ. ಹಿಡಿಸೂಡಿಗೆ ಸಿಕ್ಕಿ ಎಳೆದರೆ ಎಳೆತ ಬುಡಕ್ಕೆ ಬೀಳುತ್ತದೆ, ತಲೆಗಲ್ಲ. ಚೌತಿಗೆ ಮೊದಲು ಮನೆ ಗುಡಿಸಿ ಸಾರಿಸುವಾಗ ಎರಡೂ ಸ್ಟ್ಯಾಂಡು ಹೇಗೂ ಮೂಲೆ ಸೇರುತ್ತವೆ. ಅದಕ್ಕೆ ಮುಂಚೆ, ಪಕ್ಕದ ಗೋಡೆಯಿಂದ ಎಷ್ಟು, ಹಿಂದಿನ ಗೋಡೆಯಿಂದ ಎಷ್ಟು ಎಂದು ಅಳೆದು ಅಡಿಯ ಹಲಗೆಯ ಹಿಂಬದಿಯ ಅಂಚಿನಲ್ಲಿ ಮಾರ್ಕರಿನಲ್ಲಿ ಬರೆದಿಡಿ, ಎಡ ಬಲ ಯಾವುದೆಂದೂ. ನೆಲಕ್ಕೆ ಟೇಪು ಅಂಟಿಸಬೇಡಿ, ಕಾವಿ ನೆಲದ ಹೊಳಪು ಅದರ ಜೊತೆಗೇ ಎದ್ದು ಬರುತ್ತದೆ.