ಸಿಟಿಸಿಯ ಲಿಸ್ಟು ರಾಯಚೂರಿನ ಬಿಸಿಲಿಗೆ ಆಗಲ್ಲ

ಹೈದರಾಬಾದಿಗೆ ಬಂದು ನನಗೆ ಹದಿನಾಲ್ಕು ವರ್ಷ. ಇಲ್ಲಿ ಕಂಪ್ಯೂಟರ್ ಕಟ್ಟಿಸಬೇಕು ಅಂದರೆ ಜನ ಹೋಗುವುದು ಸಿಕಂದರಾಬಾದಿನ ಪಾರ್ಕ್ ಲೇನಿಗೆ. ಅಲ್ಲಿ ಚೆನಾಯ್ ಟ್ರೇಡ್ ಸೆಂಟರ್ ಇದೆ. ಎಲ್ಲರ ಬಾಯಲ್ಲಿ ಅದು ಸಿಟಿಸಿ. ನಾಲ್ಕು ಅಂಗಡಿಯಲ್ಲಿ ರೇಟು ಬರೆಸಿಕೊಂಡು ಐದನೆಯವನ ಹತ್ತಿರ ಕೊಳ್ಳುವುದು ರೂಢಿ. ಮಾತೆಲ್ಲ ಒಂದೇ: ಇಷ್ಟು ದುಡ್ಡಿಗೆ ಎಷ್ಟು ಎಫ್‌ಪಿಎಸ್ ಬರುತ್ತದೆ? ಅಂದರೆ ಆಟದಲ್ಲಿ ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತದೆ ಅಂತ.

2023ರಲ್ಲಿ ರಾಯಚೂರಿನ ಅಕ್ಕನ ಮಗ ಗೇಮಿಂಗ್ ಪಿಸಿ ಕೇಳಿದಾಗ ನಾನೂ ಅದೇ ಲೆಕ್ಕ ಹಾಕಿದೆ. ಬಜೆಟ್ ಐವತ್ತು ಸಾವಿರ. ಮಾನಿಟರ್ ಹಳೆಯದೇ ಸಾಕು ಅಂತ ಮೊದಲೇ ಒಪ್ಪಿಸಿದ್ದೆ. "ಮಾಮಾ, ಗ್ರಾಫಿಕ್ಸ್ ಕಾರ್ಡ್ ಚಲೋದು ಹಾಕ್ರಿ, ಉಳಿದದ್ದು ಏನರ ಇರ್ಲಿ" ಅಂದ. ರೈಜನ್ 5 5600 ಪ್ರೊಸೆಸರ್, 16 ಜಿಬಿ ರ‍್ಯಾಮ್, ಅರ್ಧದಷ್ಟು ದುಡ್ಡು ಸುರಿದು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್. ಉಳಿದ ಚಿಲ್ಲರೆಯಲ್ಲಿ ಮುಂದೆ ಗಾಜು ಇರುವ ಕ್ಯಾಬಿನೆಟ್. ಅದರ ಜೊತೆಗೇ ಒಂದು ಎಸ್‌ಎಂಪಿಎಸ್, ಅಂದರೆ ಒಳಗಿನ ಭಾಗಗಳಿಗೆಲ್ಲ ಕರೆಂಟ್ ಕೊಡುವ ಪವರ್ ಸಪ್ಲೈ, ಬಂತು. ಡಬ್ಬದ ಮೇಲೆ 500 ವ್ಯಾಟ್ ಅಂತ ಬರೆದಿತ್ತು, ನಾನು ನಂಬಿದೆ.

ನಮ್ಮೂರು ರಾಯಚೂರಿನ ರೀತಿ ನೋಡಿ ಆಗ ನಗು ಬರುತ್ತಿತ್ತು. ಅಲ್ಲಿ "ಐ7 ಐತಿ", ಅಂದರೆ ಇಂಟೆಲ್‌ನ ಐ7 ಪ್ರೊಸೆಸರ್ ಇದೆ, ಅಂದರೆ ಮಾತು ಮುಗೀತು. ಯಾವ ತಲೆಮಾರಿನ ಐ7 ಅಂತ ಕೇಳುವವರೇ ಇಲ್ಲ. 2013ರ ನಾಲ್ಕನೇ ತಲೆಮಾರಿನ ಐ7ಗಿಂತ 2022ರ ಐ3-12100ಎಫ್ ಆಟದಲ್ಲಿ ಎಷ್ಟೋ ಮುಂದಿದೆ. ಎರಡರಲ್ಲೂ ನಾಲ್ಕೇ ಕೋರ್, ಆದರೆ ಕೋರಿನ ಕಸುವು ಬೇರೆ. ಹಳೆಯದಕ್ಕೆ ವಿಂಡೋಸ್ 11 ಕೂಡ ಅಧಿಕೃತವಾಗಿ ಇಲ್ಲ. ಈ ವಿಷಯದಲ್ಲಿ ನನ್ನ ಮಾತು ಈಗಲೂ ಬದಲಾಗಿಲ್ಲ.

ಆದರೆ ಉಳಿದ ವಿಷಯದಲ್ಲಿ ಊರಿನವರು ನನಗಿಂತ ಜಾಣರು ಅಂತ ಮೇ ತಿಂಗಳಲ್ಲಿ ಗೊತ್ತಾಯಿತು.

ಮೊದಲು ಶುರುವಾಗಿದ್ದು ರೀಸ್ಟಾರ್ಟ್ ಕಾಟ. ಶಕ್ತಿನಗರದಲ್ಲಿ 1,720 ಮೆಗಾವ್ಯಾಟ್ ಸ್ಥಾವರ ಪಕ್ಕದಲ್ಲೇ ಇದ್ದರೂ ನಮ್ಮ ಓಣಿಯಲ್ಲಿ ಕರೆಂಟ್ ಹೋಗುವುದು ಹೋಗುತ್ತದೆ. ಮನೆಯಲ್ಲಿ ಇನ್ವರ್ಟರ್ ಇತ್ತು. ಫ್ಯಾನು, ಲೈಟು ನಿಲ್ಲುತ್ತಿರಲಿಲ್ಲ. ಕಂಪ್ಯೂಟರ್ ಮಾತ್ರ ಆಟದ ನಡುವೆ ಆಫ್ ಆಗಿ ಮತ್ತೆ ಆನ್ ಆಗುತ್ತಿತ್ತು. ಒಂದು ಸಂಜೆ ಆಫ್ ಆದದ್ದು ಏಳಲೇ ಇಲ್ಲ. ಎಸ್‌ಎಂಪಿಎಸ್ ಸತ್ತಿತ್ತು, ಹೋಗುತ್ತಾ ಮದರ್‌ಬೋರ್ಡನ್ನೂ ಕರೆದುಕೊಂಡು ಹೋಗಿತ್ತು.

ರಾಯಚೂರಿನ ತೀನ್ ಕಂದೀಲ್ ಕಡೆಯ ಅಂಗಡಿಯವರೊಬ್ಬರು ಮನೆಗೇ ಬಂದು ನೋಡಿದರು. ಸಿಟಿಸಿಯಲ್ಲಿ ಯಾರಾದರೂ ಮನೆಗೆ ಬರುತ್ತಾರಾ? ಕಂಪ್ಯೂಟರ್ ಮುಟ್ಟುವ ಮುಂಚೆ ಅವರು ಇನ್ವರ್ಟರ್ ಹಿಂದಿನ ಸಣ್ಣ ಸ್ವಿಚ್ ನೋಡಿದರು. ಬಹಳಷ್ಟು ಇನ್ವರ್ಟರುಗಳಲ್ಲಿ ಅದು ಇರುತ್ತದೆ: ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ಇಕೋ. ನಮ್ಮದು ಇಕೋದಲ್ಲಿತ್ತು. ಅದರಲ್ಲಿ ಬ್ಯಾಟರಿಗೆ ಹೊರಳುವುದು ನಿಧಾನ. ಫ್ಯಾನಿಗೆ ಅದು ಗೊತ್ತೇ ಆಗುವುದಿಲ್ಲ, ಕಂಪ್ಯೂಟರಿಗೆ ಗೊತ್ತಾಗುತ್ತದೆ. ಸರಿಯಾದ ಎಸ್‌ಎಂಪಿಎಸ್ ತನ್ನೊಳಗಿನ ಕೆಪಾಸಿಟರ್ ಬಲದಿಂದ ಸುಮಾರು 16 ಮಿಲಿಸೆಕೆಂಡ್ ಕರೆಂಟ್ ಇಲ್ಲದೆ ತಡೆದುಕೊಳ್ಳಬೇಕು. ಅಗ್ಗದ್ದರಲ್ಲಿ ಕೆಪಾಸಿಟರ್ ಸಣ್ಣದು. ಅಷ್ಟು ಹೊತ್ತು ಉಸಿರು ಹಿಡಿಯಲು ಅದಕ್ಕೆ ಆಗಲ್ಲ. ಇದು ಯಾವ ಎಫ್‌ಪಿಎಸ್ ಪಟ್ಟಿಯಲ್ಲಿ ಬರುತ್ತದೆ ಹೇಳಿ.

ಇನ್ನು ಬಿಸಿಲು. ಹೈದರಾಬಾದಿನ ನನ್ನ ರೂಮಿನಲ್ಲಿ ಎಸಿ ಇದೆ, 26 ಡಿಗ್ರಿ. ಅಕ್ಕನ ಮನೆಯ ಮೇಲಿನ ರೂಮು ಮೇನಲ್ಲಿ ಮಧ್ಯಾಹ್ನ 40ರ ಹತ್ತಿರ. ಎಂಥ ಕೂಲರ್ ಹಾಕಿದರೂ ಅದು ಎಳೆದುಕೊಳ್ಳುವುದು ರೂಮಿನ ಗಾಳಿಯನ್ನೇ. ನನ್ನ ಹತ್ತಿರ 68 ತೋರಿಸುವ ಕಾರ್ಡು ಅಲ್ಲಿ 80 ದಾಟುತ್ತದೆ, ಫ್ಯಾನು ಮಿಕ್ಸಿಯ ಹಾಗೆ ಕೂಗುತ್ತದೆ. ಮುಂದೆ ಗಾಜು ಇದ್ದರೆ ಗಾಳಿಗೆ ದಾರಿಯೂ ಇಲ್ಲ. ಮೇಲೆ ನಮ್ಮೂರ ಧೂಳು! ಕ್ಯಾಬಿನೆಟ್ ಬಿಚ್ಚಿದರೆ ಒಳಗೆ ಹತ್ತಿ ಬೆಳೆದಂತಿತ್ತು.

ಅದೃಷ್ಟಕ್ಕೆ ಕಾರ್ಡು ಬದುಕಿತ್ತು. ಅದನ್ನು ಮಾರಿ ಆರ್‌ಎಕ್ಸ್ 6600 ಕಾರ್ಡು ಹಾಕಿಸಿದೆವು. 3060 ಎಳೆಯುವುದು 170 ವ್ಯಾಟ್, ಇದು 132. ಹುಡುಗ ಮುಖ ಊದಿಸಿಕೊಂಡ. ಮೆಮೊರಿ 12 ಜಿಬಿಯಿಂದ 8ಕ್ಕೆ ಇಳಿಯಿತಲ್ಲ. ಆದರೆ ಅವನು ಆಡುವುದು ವ್ಯಾಲೊರಂಟ್ ಮತ್ತು ಜಿಟಿಎ 5, ಎರಡಕ್ಕೂ ಇದು ಧಾರಾಳ. ಉಳಿದ ದುಡ್ಡು ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್ಸಿಗೆ, ಮುಂದೆ ಜಾಲರಿ ಮತ್ತು ತೊಳೆಯಬಹುದಾದ ಫಿಲ್ಟರ್ ಇರುವ ಕ್ಯಾಬಿನೆಟ್ಟಿಗೆ ಹೋಯಿತು. ಬೋರ್ಡಿಗೆ ಮಾತ್ರ ನನ್ನ ಜೇಬಿನಿಂದ ಕೊಟ್ಟೆ, ತಪ್ಪು ನನ್ನದೇ ಅಲ್ವಾ. ಕಡಿಮೆ ವ್ಯಾಟಿನಿಂದ ಇನ್ನೊಂದು ಲಾಭವನ್ನು ಅಕ್ಕ ಹೇಳಿದಳು: ಮೊದಲು ಇವನ ಆಟಕ್ಕೆ ಬ್ಯಾಟರಿ ಇಳಿದು ರಾತ್ರಿ ಫ್ಯಾನು ನಿಲ್ಲುತ್ತಿತ್ತಂತೆ.

ಈಗ ಕಟ್ಟುವವರ ಪಾಡು ಬೇರೆ. 2025ರ ಕೊನೆಯಿಂದ ರ‍್ಯಾಮ್ ರೇಟು ಸಿಕ್ಕಾಪಟ್ಟೆ ಏರಿದೆ, ಎಐ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ. ಮನೆಯಲ್ಲಿ ಹಿಂದಿನ ತಲೆಮಾರಿನ ಡಿಡಿಆರ್4 ಮೆಮೊರಿ ಇದ್ದರೆ ಸುಮ್ನೆ ಇಟ್ಟುಕೊಳ್ಳಿ, ರೈಜನ್ 5 5600 ಕೂರುವಂಥ ಎಎಂ4 ಬೋರ್ಡಿಗೆ ಬರುತ್ತದೆ.

ಹಾಗಂತ ಎಲ್ಲವನ್ನೂ ಊರಲ್ಲೇ ಕೊಳ್ಳಿ ಅನ್ನುವುದಿಲ್ಲ. ಪ್ರೊಸೆಸರ್, ಕಾರ್ಡು, ಎಸ್‌ಎಸ್‌ಡಿಗಳನ್ನು ನಾನು ಈಗಲೂ ಇಲ್ಲಿಂದಲೇ ಒಯ್ಯುತ್ತೇನೆ. ಆಯ್ಕೆ ಜಾಸ್ತಿ, ವಾರಂಟಿಗೆ ಕೊಡುವುದಿದ್ದರೂ ಇಲ್ಲಿಗೇ ಬರಬೇಕು. ರಾಯಚೂರಿನ ಬಸ್ಸಿನಲ್ಲಿ ಮದರ್‌ಬೋರ್ಡ್ ಡಬ್ಬ ತೊಡೆಯ ಮೇಲಿಟ್ಟುಕೊಂಡು ಕೂತವರನ್ನು ಕಂಡರೆ ಗುರುತು ಸಿಕ್ಕಂತಾಗುತ್ತದೆ.

ಹುಡುಗ ಈಗ 144 ಹರ್ಟ್ಸ್ ಮಾನಿಟರ್ ಕೇಳುತ್ತಿದ್ದಾನೆ. ಸಿಟಿಸಿಯಲ್ಲಿ ಏಳುನೂರು ರೂಪಾಯಿ ಕಡಿಮೆ. ತೀನ್ ಕಂದೀಲ್ ಅಂಗಡಿಯವರಿಗೆ ಫೋನ್ ಮಾಡಿದೆ. "ಬಸ್ಸಿನ್ಯಾಗ ಪ್ಯಾನೆಲ್ ಒಡದ್ರ ಏನ್ ಮಾಡ್ತೀರಿ? ಇಲ್ಲೇ ಹಚ್ಚಿ ತೋರಿಸ್ತೀನಿ, ಚುಕ್ಕಿ ಇದ್ರ ಅವತ್ತೇ ಬದಲಿ" ಅಂದರು. ಏಳುನೂರು ಅವರಿಗೇ ಹೋಗಲಿ ಅಂದೆ.